ಬೆಂಗಳೂರು ಕೇಳಿದ ಮಾರಿಯೋ

ಕೇಳುಗರೆಲ್ಲರಿಗೂ ನಮಸ್ಕಾರ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಬೆಳೆದವರಿಗೆ ಟಿವಿ ಗೇಮ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್‌ನಲ್ಲಿ ಚೌಕಾಸಿ ಮಾಡಿ ತಂದ ಪೆಟ್ಟಿಗೆ, ಎರಡು ಜಾಯ್‌ಸ್ಟಿಕ್, ಒಂದೇ ಕ್ಯಾಸೆಟ್‌ನಲ್ಲಿ ಹತ್ತಾರು ಆಟ. ಮನೆಯಲ್ಲಿ ಪೆಟ್ಟಿಗೆ ಇಲ್ಲದವರು ಬೀದಿಯ ವಿಡಿಯೋ ಗೇಮ್ ಅಂಗಡಿಗೆ ಹೋಗಿ ಗಂಟೆಯ ಲೆಕ್ಕದಲ್ಲಿ ಆಡುತ್ತಿದ್ದರು. ಆ ಆಟಗಳ ಚಿತ್ರಗಳ ಬಗ್ಗೆ, ಗೆದ್ದದ್ದು ಸೋತದ್ದರ ಬಗ್ಗೆ ನಾವೆಲ್ಲ ಬೇಕಾದಷ್ಟು ಮಾತನಾಡಿದ್ದೇವೆ. ಇವತ್ತು ನಾನು ಅವುಗಳ ದನಿಯ ಬಗ್ಗೆ ಮಾತನಾಡುತ್ತೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಜಪಾನಿನ ಮಕ್ಕಳು ಕೇಳಿದ ಮಾರಿಯೋ ಆಟದ ಹಾಡನ್ನು ನಾವು ಕೇಳಲಿಲ್ಲ. ನಮ್ಮ ಕಿವಿಗೆ ಬಿದ್ದದ್ದು ಬೇರೆ ವೇಗ, ಕೊಂಚ ಬೇರೆ ಶ್ರುತಿ, ಕೆಲವೊಮ್ಮೆ ಪೂರ್ತಿ ಬೇರೆ ನಾದ. ಹಳೆಯ ಯಂತ್ರದಂತೆಯೇ ವರ್ತಿಸಲೆಂದು ಬರೆದ ತಂತ್ರಾಂಶಗಳಿವೆ, ಎಮ್ಯುಲೇಟರ್ ಎನ್ನುತ್ತಾರೆ. ಅವನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಹಾಕಿಕೊಂಡು ಆ ಆಟಗಳನ್ನು ಆಡಿದರೆ ಕೇಳುವುದು ಸಾಮಾನ್ಯವಾಗಿ ಜಪಾನಿನ ಅಥವಾ ಅಮೆರಿಕದ ದನಿ. ನಮ್ಮ ದನಿ ಇನ್ನೂ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲೇ ಇದೆ. ಅವು ಕೆಡುವ ಮೊದಲು ಅದನ್ನು ಧ್ವನಿಮುದ್ರಿಸಿಕೊಳ್ಳಬೇಕು ಎಂದು ಕೇಳಿಕೊಳ್ಳಲು ಬಂದಿದ್ದೇನೆ.

ಈ ಕಥೆ ಶುರುವಾಗುವುದು 1983ರ ಜುಲೈನಲ್ಲಿ. ನಿಂಟೆಂಡೊ ಕಂಪನಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಮಿದುಳು ರಿಕೋ ಕಂಪನಿ ತಯಾರಿಸಿದ 2ಎ03 ಎಂಬ ಚಿಪ್. ಲೆಕ್ಕ ಮಾಡುವ ಕೆಲಸದ ಜೊತೆಗೆ ದನಿ ಹುಟ್ಟಿಸುವ ಕೆಲಸವೂ ಅದೇ ಚಿಪ್‌ನದು. ಅದಕ್ಕೆ ಐದು ಕಂಠಗಳಿದ್ದವು. ಎರಡು ಕಂಠಗಳಿಂದ ಚೌಕ ಅಲೆಗಳು ಬರುತ್ತವೆ, ರಾಗ ಹಾಡುವವು ಇವೇ. ಮೂರನೆಯದು ತ್ರಿಕೋನ ಅಲೆ. ಹದಿನಾರು ಮೆಟ್ಟಿಲು ಹತ್ತಿ ಹದಿನಾರು ಮೆಟ್ಟಿಲು ಇಳಿಯುವ ಈ ಅಲೆ ಕೆಳಗಿನ ಸ್ಥಾಯಿಯ ಆಧಾರ. ಇದಕ್ಕೆ ದನಿ ಏರಿಸುವ ಇಳಿಸುವ ಸೌಕರ್ಯವೇ ಇಲ್ಲ, ಹಾಡಿದರೆ ಪೂರ್ತಿ ಹಾಡುತ್ತದೆ, ಇಲ್ಲವಾದರೆ ಸುಮ್ಮನಿರುತ್ತದೆ. ನಾಲ್ಕನೆಯದು ಗದ್ದಲ. ಕಾಂಟ್ರಾ ಆಟದ ಸ್ಫೋಟದಂಥ ಸದ್ದುಗಳೂ ತಾಳವಾದ್ಯವೂ ಇದರಿಂದಲೇ. ಕೇಳಲು ಅಡ್ಡಾದಿಡ್ಡಿಯಾಗಿದ್ದರೂ ಈ ಗದ್ದಲ ಗಣಿತದ ಲೆಕ್ಕದಿಂದ ಹುಟ್ಟಿದ್ದು. 32,767 ಹೆಜ್ಜೆಗಳ ನಂತರ ಅದೇ ಕ್ರಮ ಮೊದಲಿನಿಂದ ಮರಳುತ್ತದೆ. ಐದನೆಯ ಕಂಠ ಮೊದಲೇ ಮುದ್ರಿಸಿಟ್ಟ ಚಿಕ್ಕ ಸದ್ದುಗಳನ್ನು ನುಡಿಸುತ್ತದೆ.

ಐದೇ ಕಂಠ. ಆದ್ದರಿಂದ ಸಂಗೀತ ಮತ್ತು ಆಟದ ಸದ್ದುಗಳು ಅವನ್ನೇ ಹಂಚಿಕೊಳ್ಳಬೇಕು. ಮಾರಿಯೋ ಜಿಗಿದಾಗ ಗಮನಿಸಿ ಕೇಳಿ. ಹಿನ್ನೆಲೆಯ ಹಾಡಿನ ಒಂದು ಎಳೆ ಆ ಕ್ಷಣಕ್ಕೆ ಕಾಣೆಯಾಗುತ್ತದೆ. ಜಿಗಿತದ ಸದ್ದು ಆ ಕಂಠವನ್ನು ಎರವಲು ಪಡೆದು, ಮುಗಿದ ಕೂಡಲೇ ಹಿಂದಿರುಗಿಸುತ್ತದೆ. ಆಡುವವನ ಬೆರಳು ಸಂಗೀತವನ್ನು ಹೀಗೆ ಗಳಿಗೆಗೊಮ್ಮೆ ತಿದ್ದುತ್ತಿರುತ್ತದೆ. ಇಷ್ಟು ಇಕ್ಕಟ್ಟಿನಲ್ಲಿ ಜಗತ್ತು ಇಂದಿಗೂ ಗುನುಗುವ ರಾಗಗಳನ್ನು ಕಟ್ಟಿದ ಸಂಗೀತಗಾರರ ಬಗ್ಗೆ ನನಗೆ ಅಪಾರ ಗೌರವವಿದೆ.

ಈಗ ನಮ್ಮ ಪೆಟ್ಟಿಗೆಗೆ ಬರೋಣ. ಬೆಂಗಳೂರಿನ ಮನೆಗಳಿಗೆ ಬಂದದ್ದು ಹೆಚ್ಚಾಗಿ ನಿಂಟೆಂಡೊ ತಯಾರಿಸಿದ ಯಂತ್ರವಲ್ಲ, ಅದರ ನಕಲು. ಇಂಥ ನಕಲುಗಳಿಗೆ ಬೇಕಾದ ಚಿಪ್‌ಗಳನ್ನು ತೈವಾನಿನ ಯುಎಂಸಿ ಕಂಪನಿ ತಯಾರಿಸುತ್ತಿತ್ತು. ಜಪಾನಿನ ಟಿವಿ ಸೆಕೆಂಡಿಗೆ ಸುಮಾರು 60 ಸಲ ಚಿತ್ರ ಬದಲಿಸಿದರೆ, ಪಾಲ್ ಎಂಬ ಪ್ರಸಾರ ಪದ್ಧತಿಯ ನಮ್ಮ ಟಿವಿ 50 ಸಲ ಬದಲಿಸುತ್ತಿತ್ತು. ಆ ಕಾಲದ ಆಟಗಳಲ್ಲಿ ಸಂಗೀತದ ನಡೆ ಚಿತ್ರಕ್ಕೆ ಕಟ್ಟಿಕೊಂಡಿತ್ತು. ಒಂದು ಚಿತ್ರ ಮುಗಿದಾಗ ಸಂಗೀತ ಒಂದು ಹೆಜ್ಜೆ ಮುಂದಕ್ಕೆ. ಚಿತ್ರ 60ರಿಂದ 50ಕ್ಕೆ ಇಳಿದರೆ ಸಂಗೀತದ ಕಾಲಪ್ರಮಾಣವೂ ಆರರಲ್ಲಿ ಒಂದು ಪಾಲು ಇಳಿಯುತ್ತದೆ. ಜಪಾನಿನಲ್ಲಿ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಸಾಲು ಪಾಲ್ ಪೆಟ್ಟಿಗೆಯಲ್ಲಿ ಹನ್ನೆರಡು ಸೆಕೆಂಡು ತೆಗೆದುಕೊಳ್ಳುತ್ತದೆ. ಹಳೆಯ ಆಟವನ್ನು ಈಗ ಎಮ್ಯುಲೇಟರ್‌ನಲ್ಲಿ ಹಾಕಿದವರು ‘ಇದೇಕೆ ಇಷ್ಟು ಓಡುತ್ತಿದೆ’ ಎಂದರೆ ಅವರ ನೆನಪು ಸರಿಯಾಗಿಯೇ ಇದೆ.

ಶ್ರುತಿಯ ಕಥೆ ಬೇರೆ, ನನಗೆ ಹೆಚ್ಚು ಇಷ್ಟವಾಗುವ ಭಾಗ ಇದು. ಮೂಲ ಚಿಪ್‌ನ ಗಡಿಯಾರ ಸೆಕೆಂಡಿಗೆ 17,89,773 ಸಲ ಮಿಡಿಯುತ್ತದೆ. ಶ್ರುತಿ ನಿಂತಿರುವುದು ಈ ಮಿಡಿತದ ವೇಗದ ಮೇಲೆ. ಯುರೋಪಿಗೆಂದು ನಿಂಟೆಂಡೊ ತಯಾರಿಸಿದ ಪಾಲ್ ಯಂತ್ರದಲ್ಲಿ ಪಾಲ್ ಬಣ್ಣದ ಸಂಕೇತಕ್ಕೆ ಹೊಂದುವ ಮೂಲ ಗಡಿಯಾರವನ್ನು 16ರಿಂದ ಭಾಗಿಸಿದರು. ಚಿಪ್‌ನ ವೇಗ 16,62,607ಕ್ಕೆ ಕುಸಿಯಿತು. ಜಪಾನಿನ ಕ್ಯಾಸೆಟ್ಟನ್ನು ಅದರಲ್ಲಿ ಹಾಕಿದರೆ ಶ್ರುತಿ ಒಂದು ಸ್ವರಸ್ಥಾನಕ್ಕಿಂತಲೂ ಕೆಳಗಿಳಿಯುತ್ತದೆ. ನಕಲು ಚಿಪ್ ಮಾಡಿದವರಿಗೆ ಜಪಾನಿನ ಕ್ಯಾಸೆಟ್ಟುಗಳೇ ಪಾಲ್ ಟಿವಿಯಲ್ಲಿ ಓಡಬೇಕಿತ್ತು. ಅವರು ಅದೇ ಗಡಿಯಾರವನ್ನು 16ರ ಬದಲು 15ರಿಂದ ಭಾಗಿಸಿದರು. ಬಂದದ್ದು 17,73,448, ಮೂಲಕ್ಕೆ ತೀರ ಹತ್ತಿರ. 440 ಹರ್ಟ್ಸ್‌ನ ಸ್ವರ 436 ಆಯಿತು, ಒಂದು ಸ್ವರಸ್ಥಾನದ ಆರನೇ ಒಂದು ಪಾಲಿನಷ್ಟು ವ್ಯತ್ಯಾಸ. ಹೀಗಾಗಿ ನಮಗೆ ಸಿಕ್ಕಿದ್ದು ಶ್ರುತಿಯಲ್ಲಿ ಹೆಚ್ಚು ಕಡಿಮೆ ಜಪಾನ್, ಕಾಲಪ್ರಮಾಣದಲ್ಲಿ ಯುರೋಪ್. ಈ ಜೋಡಿ ನಿಂಟೆಂಡೊ ಮಾರಿದ ಈ ಎರಡೂ ಯಂತ್ರಗಳಲ್ಲಿ ಇರಲಿಲ್ಲ.

ನಾದವೂ ಬದಲಾಯಿತು. ಚೌಕ ಅಲೆ ಒಂದು ಸುತ್ತಿನಲ್ಲಿ ಎಷ್ಟು ಹೊತ್ತು ಮೇಲಿರುತ್ತದೆ ಎಂಬುದರ ಮೇಲೆ ಅದರ ಬಣ್ಣ ನಿಂತಿದೆ. ಅರ್ಧ ಹೊತ್ತು ಮೇಲಿದ್ದರೆ ದನಿ ಟೊಳ್ಳಾಗಿ, ದುಂಡಗೆ ಕೇಳುತ್ತದೆ. ಕಾಲು ಹೊತ್ತು ಮೇಲಿದ್ದರೆ ಮೂಗಿನಿಂದ ಹಾಡಿದಂತೆ ತೀಕ್ಷ್ಣವಾಗುತ್ತದೆ. ಕೆಲವು ನಕಲು ಚಿಪ್‌ಗಳಲ್ಲಿ ಈ ಎರಡು ಆಯ್ಕೆಗಳು ಅದಲುಬದಲಾಗಿವೆ. ಸಂಗೀತಗಾರ ದುಂಡನೆಯ ದನಿ ಬಯಸಿದ ಕಡೆ ತೀಕ್ಷ್ಣ ದನಿ, ತೀಕ್ಷ್ಣ ದನಿ ಬಯಸಿದ ಕಡೆ ದುಂಡನೆಯದು. ಅಂಥ ಪೆಟ್ಟಿಗೆಯಲ್ಲಿ ಆಡಿ ಬೆಳೆದವರಿಗೆ ಆ ತಿರುವುಮುರುವು ನಾದವೇ ಬಾಲ್ಯ. ಅದನ್ನು ತಪ್ಪು ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ.

ಟಿವಿಯ ಪಾಲೂ ಇದೆ. ಆಂಟೆನಾ ತೂತಿನ ಮೂಲಕ ಹೋಗುವ ಸಂಕೇತದಲ್ಲಿ ಚಿತ್ರ ಮತ್ತು ದನಿ ಒಂದೇ ತಂತಿಯಲ್ಲಿ ಸಾಗುತ್ತವೆ. ಪರದೆಯ ಮೇಲೆ ಬೆಳ್ಳಗಿನ ಅಕ್ಷರಗಳು ಬಂದಾಗ ಸ್ಪೀಕರಿನಿಂದ ಝೇಂಕಾರದಂಥ ಸದ್ದು ಬರುತ್ತಿತ್ತಲ್ಲ, ಅದು ಚಿತ್ರ ದನಿಯ ಜಾಗಕ್ಕೆ ನುಗ್ಗಿದ್ದರ ಫಲ.

ಎಮ್ಯುಲೇಟರ್ ಬರೆಯುವುದು ಎಷ್ಟು ಕಷ್ಟ ಎಂಬುದನ್ನೂ ಹೇಳಬೇಕು. ಮೂಲ ಚಿಪ್ ಸೆಕೆಂಡಿಗೆ ಹದಿನೇಳು ಲಕ್ಷಕ್ಕೂ ಹೆಚ್ಚು ಸಲ ತನ್ನ ಸ್ಥಿತಿ ಬದಲಿಸಬಲ್ಲದು. ಸಿಡಿ ಗುಣಮಟ್ಟದ ದನಿಗೆ ಸೆಕೆಂಡಿಗೆ 44,100 ಮಾದರಿಗಳು ಸಾಕು. ಹಾಗೆಂದು ನಲವತ್ತಕ್ಕೆ ಒಂದರಂತೆ ಹೆಕ್ಕಿಕೊಂಡರೆ, ಕಿವಿಗೆ ಕೇಳದಷ್ಟು ಎತ್ತರದ ಸ್ವರಗಳು ಮಡಚಿಕೊಂಡು ಕೆಳಗಿಳಿದು ಹಾಡಿನಲ್ಲಿ ಇಲ್ಲದ ಅಪಸ್ವರಗಳಾಗಿ ಕೇಳುತ್ತವೆ. ಮೊದಲು ಆ ಎತ್ತರದ ಸ್ವರಗಳನ್ನು ಸೋಸಿ, ಆಮೇಲೆ ಮಾದರಿ ತೆಗೆಯಬೇಕು. ಕಂಠಗಳನ್ನು ಬೆರೆಸುವುದೂ ಸರಳವಾದ ಕೂಡುವ ಲೆಕ್ಕವಲ್ಲ. ಐದನೆಯ ಕಂಠದ ಮಟ್ಟ ಏರಿದಾಗ ತ್ರಿಕೋನ ಮತ್ತು ಗದ್ದಲದ ದನಿ ತಾನಾಗಿ ಕುಗ್ಗುತ್ತದೆ, ಅದನ್ನೂ ಅನುಕರಿಸಬೇಕು. ಇದನ್ನೆಲ್ಲ ತಿಳಿಯಲು ಆಸಕ್ತರು ಚಿಪ್‌ನ ಹೊರಕವಚವನ್ನು ಆಮ್ಲದಲ್ಲಿ ಕರಗಿಸಿ, ಒಳಗಿನ ಸಿಲಿಕಾನನ್ನು ಸೂಕ್ಷ್ಮದರ್ಶಕದಡಿ ಛಾಯಾಚಿತ್ರ ತೆಗೆದು, ಒಂದೊಂದು ಟ್ರಾನ್ಸಿಸ್ಟರನ್ನೂ ಗುರುತಿಸಿದ್ದಾರೆ.

ದೋಷಗಳನ್ನೂ ಬಿಟ್ಟಿಲ್ಲ. ಸೆಗಾ ಕಂಪನಿಯ 1988ರ ಮೆಗಾ ಡ್ರೈವ್ ಎಂಬ ಗೇಮ್ ಯಂತ್ರದಲ್ಲಿದ್ದ ಯಮಾಹಾ ಚಿಪ್ ಸಣ್ಣ ದನಿಗಳನ್ನು ಕೊಂಚ ಒರಟಾಗಿಸುತ್ತಿತ್ತು. ಆ ಒರಟುತನವನ್ನೇ ಇಂದು ಎಮ್ಯುಲೇಟರ್‌ಗಳು ಶ್ರದ್ಧೆಯಿಂದ ನಕಲು ಮಾಡುತ್ತವೆ, ಏಕೆಂದರೆ ಆ ಕಾಲದವರು ಕೇಳಿದ್ದು ಅದನ್ನೇ.

ನಮ್ಮ ಬಗೆಯ ಪೆಟ್ಟಿಗೆಗೂ ಕೆಲವು ಎಮ್ಯುಲೇಟರ್‌ಗಳಲ್ಲಿ ಒಂದು ಆಯ್ಕೆ ಇದೆ. ಅದರ ಹೆಸರು ‘ಡೆಂಡಿ’. 1992ರಲ್ಲಿ ರಷ್ಯದ ಮಾರುಕಟ್ಟೆಗೆ ಬಂದ ಇಂಥದ್ದೇ ಒಂದು ನಕಲು ಯಂತ್ರದ ಹೆಸರದು. ಅಲ್ಲಿನ ಅಭಿಮಾನಿಗಳು ತಮ್ಮ ಪೆಟ್ಟಿಗೆಯನ್ನು ಬಿಟ್ಟುಕೊಡಲಿಲ್ಲ, ಹಾಗಾಗಿ ಅದರ ಹೆಸರು ಜಗತ್ತಿನ ತಂತ್ರಾಂಶಗಳಲ್ಲಿ ನಿಂತಿತು. ಮಲ್ಲೇಶ್ವರದಲ್ಲೋ ಜಯನಗರದಲ್ಲೋ ಬೆಳೆದವನು ತನ್ನ ಬಾಲ್ಯದ ವೇಗ ಮತ್ತು ಶ್ರುತಿಯಲ್ಲಿ ಮಾರಿಯೋ ಕೇಳಬೇಕಾದರೆ ಇಂದು ಆ ರಷ್ಯದ ಹೆಸರನ್ನೇ ಆರಿಸಿಕೊಳ್ಳಬೇಕು. ನನಗೆ ರಷ್ಯದವರ ಬಗ್ಗೆ ಅಸೂಯೆ ಇಲ್ಲ, ಮೆಚ್ಚುಗೆಯೇ ಇದೆ. ನಮ್ಮ ಮಾರುಕಟ್ಟೆಗೆ ಬಂದ ಪೆಟ್ಟಿಗೆಗಳ ಒಳಗೆ ಯಾವ ಯಾವ ಚಿಪ್ ಇತ್ತು, ಯಾವುದು ಹೇಗೆ ಹಾಡಿತು ಎಂಬ ದಾಖಲೆಯನ್ನು ನಾವೂ ಮಾಡಬಲ್ಲೆವು. ಕೆಲಸ ಗೊತ್ತಿರುವ ಕೈಗಳಿಗೆ ಈ ಊರಿನಲ್ಲಿ ಕೊರತೆಯಿಲ್ಲ.

ದನಿಯನ್ನು ಕಾಪಾಡಲು ಎರಡು ದಾರಿಗಳಿವೆ. ಚಿಪ್‌ಗೆ ಯಾವ ಗಳಿಗೆಯಲ್ಲಿ ಯಾವ ಆಜ್ಞೆ ಹೋಯಿತು ಎಂದು ದಾಖಲಿಸುವುದು ಒಂದು, ಹೊರಬಂದ ದನಿಯನ್ನೇ ಧ್ವನಿಮುದ್ರಿಸುವುದು ಇನ್ನೊಂದು. ಕೀರ್ತನೆಯ ಸ್ವರಲಿಪಿಗೂ ಕಛೇರಿಯ ಧ್ವನಿಮುದ್ರಣಕ್ಕೂ ಇರುವಷ್ಟೇ ಅಂತರ ಇವೆರಡಕ್ಕೂ ಇದೆ. ಸ್ವರಲಿಪಿ ಪ್ರಪಂಚದಲ್ಲಿ ಈಗಾಗಲೇ ಸಾಕಷ್ಟು ಇದೆ. ನಮ್ಮ ಪೆಟ್ಟಿಗೆಗಳ ಕಛೇರಿ ಬೇಕಾಗಿದೆ.

ಅಟ್ಟದಲ್ಲಿ ಹಳೆಯ ಪೆಟ್ಟಿಗೆ ಇರುವವರು ಕೆಳಗಿಳಿಸಿದ ಕೂಡಲೇ ಕರೆಂಟು ಕೊಡಬೇಡಿ. ಅಡಾಪ್ಟರಿನ ವೋಲ್ಟೇಜು ಮತ್ತು ಧ್ರುವವನ್ನು ಮಲ್ಟಿಮೀಟರಿನಲ್ಲಿ ನೋಡಿ. ಈ ಪೆಟ್ಟಿಗೆಗಳಲ್ಲಿ ಎಲ್ಲ ಅಡಾಪ್ಟರುಗಳೂ ಒಂದೇ ಬಗೆಯವಲ್ಲ, ಪ್ಲಸ್ಸು ಮೈನಸ್ಸು ತಿರುವುಮುರುವಾದರೆ ಉಳಿದಿದ್ದ ಚಿಪ್ಪೂ ಸುಟ್ಟುಹೋಗಬಹುದು. ನಿಮಗೆ ಅಭ್ಯಾಸವಿಲ್ಲದಿದ್ದರೆ ಎಸ್.ಪಿ. ರಸ್ತೆಯ ರಿಪೇರಿಯವರ ಕೈಗೆ ಕೊಡಿ. ಹಳೆಯ ಟಿವಿಯ ಬೆನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಪ್ರಾಣಾಪಾಯದ ವಿದ್ಯುತ್ತು ಉಳಿದಿರುತ್ತದೆ.

ಪೆಟ್ಟಿಗೆಯನ್ನು ಬಿಚ್ಚಿದಾಗ ಒಳಗೆ ನಲವತ್ತು ಕಾಲುಗಳ ಚಿಪ್ ಕಂಡರೆ ನಿಮ್ಮ ಅದೃಷ್ಟ. ಮೂಲ ವಿನ್ಯಾಸದಲ್ಲಿ ಒಂದನೆಯ ಕಾಲಿನಿಂದ ಎರಡು ಚೌಕ ಅಲೆಗಳೂ ಎರಡನೆಯ ಕಾಲಿನಿಂದ ಉಳಿದ ಮೂರು ಕಂಠಗಳೂ ಹೊರಬರುತ್ತವೆ. ಕೆಲಸ ಬಲ್ಲವರು ಅವೆರಡನ್ನೂ ಬೇರೆ ಬೇರೆಯಾಗಿ ಮುದ್ರಿಸಿಕೊಳ್ಳಬಹುದು. ತಡವಾಗಿ ಬಂದ ಅಗ್ಗದ ಪೆಟ್ಟಿಗೆಗಳಲ್ಲಿ ಚಿಪ್ಪಿನ ಬದಲು ಕಪ್ಪು ಅಂಟಿನ ಗುಡ್ಡೆ ಇರುತ್ತದೆ, ಎಲ್ಲವೂ ಅದರಡಿಯೇ. ಅಂಥವುಗಳಲ್ಲಿ ಆಡಿಯೋ ಔಟ್ ಇದ್ದರೆ ಅಲ್ಲಿಂದ ಕಂಪ್ಯೂಟರಿನ ಲೈನ್ ಇನ್‌ಗೆ ನೇರ ತಂತಿ ಎಳೆಯಿರಿ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಿದರೆ 50 ಹರ್ಟ್ಸ್‌ನ ಗುಂಯ್ ಸದ್ದು ಬಹಳಷ್ಟು ತಗ್ಗುತ್ತದೆ. ಒಣಗಿದ ಕೆಪಾಸಿಟರ್‌ಗಳಿಂದ ಕೆಳಸ್ಥಾಯಿ ತೆಳುವಾಗಿರುತ್ತದೆ. ಅವನ್ನು ಬದಲಿಸುವುದಿದ್ದರೆ ಬದಲಿಸುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಮುದ್ರಿಸಿ, ಎರಡನ್ನೂ ಇಟ್ಟುಕೊಳ್ಳಿ.

ಟಿವಿಯೂ ಕೆಲಸ ಮಾಡುತ್ತಿದ್ದರೆ ಅದರ ಸ್ಪೀಕರಿನ ಮುಂದೆ ಮೈಕ್ ಇಟ್ಟು ಇನ್ನೊಂದು ಧ್ವನಿಮುದ್ರಣ ಮಾಡಿ. ಮೊಬೈಲ್ ಬಳಸುವುದಾದರೆ ಮಾತಿಗೆಂದು ಇರುವ ಗದ್ದಲ ತಗ್ಗಿಸುವ ಸೌಲಭ್ಯವನ್ನು ಆಫ್ ಮಾಡಿ, ಅದು ಆಟದ ಗದ್ದಲದ ಕಂಠವನ್ನೇ ಅಳಿಸಿಬಿಡಬಹುದು. ಕಡತವನ್ನು ಎಂಪಿ3 ಮಾಡಬೇಡಿ, ವೇವ್ ಅಥವಾ ಫ್ಲ್ಯಾಕ್ ಆಗಿ ಉಳಿಸಿ. ಪ್ರತಿ ಧ್ವನಿಮುದ್ರಣದ ಆರಂಭದಲ್ಲಿ, ನಾವು ಬಾನುಲಿಯವರು ಮಾಡುವಂತೆ, ನಿಮ್ಮ ಬಾಯಿಂದಲೇ ವಿವರ ಹೇಳಿ: ಪೆಟ್ಟಿಗೆಯ ಮೇಲಿನ ಹೆಸರು, ಚಿಪ್‌ನ ಮೇಲೆ ಅಚ್ಚಾದ ಸಂಖ್ಯೆ, ಯಾವ ಅಡಾಪ್ಟರ್, ಕೆಪಾಸಿಟರ್ ಬದಲಿಸಿದೆಯೇ ಇಲ್ಲವೇ, ಯಾವ ಅಂಗಡಿಯಲ್ಲಿ ಯಾವ ವರ್ಷ ಕೊಂಡದ್ದು. ಅದು ಮುಗಿದ ಮೇಲೆ ಪೆಟ್ಟಿಗೆಯ ಗುಂಡಿ ಒತ್ತಿ, ಆಟವನ್ನು ಮೊದಲ ಹಂತದಿಂದ ಸೋಲುವವರೆಗೆ ಪೂರ್ತಿಯಾಗಿ ಆಡಿ.