ಇಡೀ ದೇಶಕ್ಕೆ ಒಬ್ಬನೇ ಖರೀದಿದಾರ

ಕೇಳುಗರಿಗೆ ನಮಸ್ಕಾರ.

1946ರ ಜುಲೈ ತಿಂಗಳು. ಎರಡನೇ ಮಹಾಯುದ್ಧ ಮುಗಿದು ಹತ್ತಿರ ಹತ್ತಿರ ಒಂದು ವರ್ಷ. ಆ ತಿಂಗಳ 21ರಂದು ಬ್ರಿಟನ್ನಿನಲ್ಲಿ ಬ್ರೆಡ್ಡಿಗೆ ರೇಷನ್ ಬಂತು. ಬಾಂಬು ಬೀಳುತ್ತಿದ್ದ ವರ್ಷಗಳಲ್ಲಿ ಸಕ್ಕರೆಗೆ, ಬೆಣ್ಣೆಗೆ, ಮಾಂಸಕ್ಕೆ, ಟೀ ಸೊಪ್ಪಿಗೆ ರೇಷನ್ ಇತ್ತು. ಬ್ರೆಡ್ಡಿಗೆ ಮಾತ್ರ ಒಂದು ದಿನವೂ ಇರಲಿಲ್ಲ. ಯುದ್ಧ ಗೆದ್ದ ಮೇಲೆ ಅದೂ ಬಂತು. ಮನೆ ನಡೆಸುವ ಹೆಂಗಸರಿಗೆ ಹೇಗನ್ನಿಸಿರಬೇಕು, ಯೋಚಿಸಿ.

ಇದಾಗಿ ಮೂರನೇ ದಿನ, ಜುಲೈ 24ರಂದು, ಬ್ರಿಟನ್ ಸರ್ಕಾರ ಕೆನಡಾ ಸರ್ಕಾರದ ಜೊತೆ ಗೋಧಿಯ ಕರಾರಿಗೆ ಸಹಿ ಹಾಕಿತು. ನಾಲ್ಕು ವರ್ಷಕ್ಕೆ 60 ಕೋಟಿ ಬುಷೆಲ್. ಒಂದು ಬುಷೆಲ್ ಗೋಧಿ ಅಂದರೆ ಸುಮಾರು 27 ಕಿಲೋ. ಇಂದು ಈ ಕರಾರಿನ ಕಥೆಯನ್ನೇ ಜಾಸ್ತಿ ಹೇಳುತ್ತೇನೆ. ರಾಗಿ ಖರೀದಿ ಕೇಂದ್ರದ ಮುಂದೆ ಟ್ರಾಕ್ಟರ್ ನಿಲ್ಲಿಸಿಕೊಂಡು ಕಾದ ಅನುಭವ ಇರುವವರಿಗೆ ಇದು ದೂರದ ಕಥೆ ಅನ್ನಿಸುವುದಿಲ್ಲ.

ಮೊದಲು, ಒಂದು ಸರ್ಕಾರ ವ್ಯಾಪಾರಕ್ಕೆ ಯಾಕೆ ಇಳಿಯಿತು? ಬ್ರಿಟನ್ ಯುದ್ಧಕ್ಕೆ ಮುಂಚೆ ತನ್ನ ಊಟದ ಬಹುಪಾಲನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತಿತ್ತು. ಅದನ್ನೆಲ್ಲ ತರುತ್ತಿದ್ದವರು ವ್ಯಾಪಾರಿಗಳು. ಲಿವರ್‌ಪೂಲ್‌ನಲ್ಲಿ ಹತ್ತಿ, ಲಂಡನ್ನಿನ ಹರಾಜಿನಲ್ಲಿ ಟೀ, ಹೀಗೆ ಒಂದೊಂದು ಮಾಲಿಗೆ ಒಂದೊಂದು ಪೇಟೆ. ಯುದ್ಧ ಶುರುವಾದಾಗ ಹಡಗುಗಳು ಸಾಲಲಿಲ್ಲ. ಯಾವ ಹಡಗಿನಲ್ಲಿ ಏನು ತರಬೇಕು ಅನ್ನುವುದನ್ನು ನೂರಾರು ವ್ಯಾಪಾರಿಗಳಿಗೆ ಬಿಡುವ ಹಾಗಿರಲಿಲ್ಲ. 1939ರ ಸೆಪ್ಟೆಂಬರ್‌ನಲ್ಲಿ ಆಹಾರ ಸಚಿವಾಲಯ ಹುಟ್ಟಿತು. ಬರಬರುತ್ತಾ ಇಡೀ ದೇಶಕ್ಕೆ ಅದೊಂದೇ ಖರೀದಿದಾರ ಆಯಿತು.

ಯುದ್ಧ ಮುಗಿದ ಮೇಲೂ ಅದು ಕೈ ಬಿಡಲಿಲ್ಲ. ಈಗಿನ ಕಾರಣ ಡಾಲರು. ಅಮೆರಿಕ ಕೊಡುತ್ತಿದ್ದ ಯುದ್ಧದ ನೆರವು 1945ರ ಆಗಸ್ಟ್‌ನಲ್ಲಿ ತಟ್ಟನೆ ನಿಂತುಹೋಯಿತು. ಬ್ರಿಟನ್ ಅಮೆರಿಕದಿಂದ 375 ಕೋಟಿ ಡಾಲರ್ ಸಾಲ ತಂದಿತು, ಕೆನಡಾದಿಂದ 125 ಕೋಟಿ. ಸಾಲದ ದುಡ್ಡಿನಲ್ಲಿ ಸಂತೆ ಮಾಡುವವರು ಒಂದೊಂದು ಕಾಸನ್ನೂ ಎಣಿಸಬೇಕು, ಅಲ್ವಾ? ಜಗತ್ತಿನಲ್ಲೇ ಕಾಳಿಗೆ ಬರ ಇರುವಾಗ ತನ್ನದೇ ವ್ಯಾಪಾರಿಗಳು ಒಬ್ಬರ ಮೇಲೊಬ್ಬರು ಬೆಲೆ ಏರಿಸಿದರೆ ಡಾಲರು ಬೇಗ ಕರಗುತ್ತದೆ. ಅದಕ್ಕೇ ಆಗಿನ ಲೇಬರ್ ಪಕ್ಷದ ಸರ್ಕಾರ ಒಬ್ಬನೇ ಹೋಗಿ, ಹಲವು ವರ್ಷದ ಮಾಲನ್ನು ಒಟ್ಟಿಗೆ ಮಾತಾಡಿ ತರುವ ದಾರಿ ಹಿಡಿಯಿತು. ಆ ಹೊತ್ತಿಗೆ ಅದು ಸರಿಯಾದ ದಾರಿಯೇ ಎಂದು ನಾನು ನಂಬುತ್ತೇನೆ. ಕಷ್ಟ ಹುಟ್ಟಿದ್ದು ಕರಾರು ಬರೆದ ರೀತಿಯಲ್ಲಿ.

ಕೆನಡಾದ ಗೋಧಿಗೆ ಬನ್ನಿ. ಮೊದಲ ಎರಡು ವರ್ಷ, ವರ್ಷಕ್ಕೆ 16 ಕೋಟಿ ಬುಷೆಲ್. ಬುಷೆಲ್ಲಿಗೆ 1 ಡಾಲರ್ 55 ಸೆಂಟು. ಆಮೇಲಿನ ಎರಡು ವರ್ಷ, ವರ್ಷಕ್ಕೆ 14 ಕೋಟಿ. ಮೂರನೇ ವರ್ಷದ ಬೆಲೆ 1 ಡಾಲರ್ 25 ಸೆಂಟಿಗಿಂತ ಕೆಳಗೆ ಹೋಗಬಾರದು, ನಾಲ್ಕನೇ ವರ್ಷ 1 ಡಾಲರಿಗಿಂತ ಕೆಳಗೆ ಹೋಗಬಾರದು. ಸಹಿ ಹಾಕಿದ ದಿನವೇ ಹೊರಗಿನ ಬೆಲೆ 1.55ಕ್ಕಿಂತ ಮೇಲಿತ್ತು. ಹಾಗಿದ್ದರೂ ಕೆನಡಾದ ರೈತರು ಯಾಕೆ ಒಪ್ಪಿದರು?

ಅವರಿಗೆ ಮೂವತ್ತರ ದಶಕ ಇನ್ನೂ ಕಣ್ಣ ಮುಂದೆ ಇತ್ತು. 1932ರ ಡಿಸೆಂಬರ್‌ನಲ್ಲಿ ವಿನಿಪೆಗ್ ಪೇಟೆಯಲ್ಲಿ ಗೋಧಿ ಬೆಲೆ 40 ಸೆಂಟಿಗಿಂತ ಕೆಳಗೆ ಬಿದ್ದಿತ್ತು. ಅದರ ಹಿಂದೆಯೇ ಬರ, ಧೂಳಿನ ಬಿರುಗಾಳಿ. ಸಾಸ್ಕಾಚೆವಾನ್ ಬಯಲಿನಲ್ಲಿ ಎಷ್ಟೋ ಮಂದಿ ಹೊಲ ಬಿಟ್ಟು ಹೊರಟುಹೋದರು. ಅಂಥ ದಿನ ಕಂಡ ರೈತನಿಗೆ ಇವತ್ತಿನ ದೊಡ್ಡ ಲಾಭಕ್ಕಿಂತ ನಾಳೆಯ ಭರವಸೆ ದೊಡ್ಡದು. ಈಗ ನಾಲ್ಕು ಕಾಸು ಕಡಿಮೆ ತಗೊಳ್ಳುತ್ತೇನೆ, ಮುಂದೆ ಬೆಲೆ ಬಿದ್ದಾಗ ನನ್ನ ಕೈ ಹಿಡಿ. ಅವನು ಒಪ್ಪಿದ್ದು ಇಷ್ಟಕ್ಕೆ. ನಮ್ಮ ರೈತರಿಗೆ ಈ ಮನಸ್ಸನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಈ ಕೈ ಹಿಡಿಯುವ ಮಾತು ಕಾಗದದಲ್ಲಿ ಹೇಗೆ ಬಂತು ಗೊತ್ತಾ? ಕೊನೆಯ ಎರಡು ವರ್ಷದ ಬೆಲೆ ನಿಗದಿ ಮಾಡುವಾಗ, ಮೊದಲ ಎರಡು ವರ್ಷ ರೈತರು ಬಿಟ್ಟುಕೊಟ್ಟದ್ದನ್ನು ಬ್ರಿಟನ್ 'ಗಮನದಲ್ಲಿ ಇಟ್ಟುಕೊಳ್ಳುತ್ತದೆ' ಎಂದು ಬಂತು. ಅಷ್ಟೇ. ಎಷ್ಟು ಡಾಲರು, ಯಾವ ಲೆಕ್ಕದಲ್ಲಿ, ಯಾವಾಗ, ಒಂದನ್ನೂ ಬರೆಯಲಿಲ್ಲ.

ಗೋಧಿ ಬೆಲೆ ಏರುತ್ತಾ ಹೋಯಿತು. 2 ಡಾಲರ್ ದಾಟಿತು. 1948ರ ಆರಂಭದ ಹೊತ್ತಿಗೆ 3 ಡಾಲರ್ ಮುಟ್ಟಿತ್ತು. ಕೆನಡಾದ ರೈತ ಬೇರೆಯವರಿಗೆ ಮಾರುವ ಹಾಗೂ ಇರಲಿಲ್ಲ. 1943ರಿಂದಲೂ ಸರ್ಕಾರದ ಗೋಧಿ ಮಂಡಳಿಯೇ ಅಲ್ಲಿ ಎಲ್ಲರ ಗೋಧಿಯನ್ನೂ ಮಾರುತ್ತಿತ್ತು. ಕೊಳ್ಳುವವನೂ ಒಬ್ಬ, ಮಾರುವವನೂ ಒಬ್ಬ. ಬೆಳೆದವನು ದೂರದಲ್ಲಿ ನಿಂತಿದ್ದ. ಕೊನೆಯ ಎರಡು ವರ್ಷದ ಬೆಲೆ 2 ಡಾಲರ್ ಎಂದು ತೀರ್ಮಾನವಾಯಿತು. ಕಳೆದುಕೊಂಡದ್ದು ಅದರಿಂದ ತುಂಬಲಿಲ್ಲ ಎಂದು ರೈತ ಸಂಘಗಳು ಹೇಳಿದವು.

1949ರ ಸೆಪ್ಟೆಂಬರ್‌ನಲ್ಲಿ ಪೌಂಡಿನ ಬೆಲೆ 4 ಡಾಲರ್ 3 ಸೆಂಟಿನಿಂದ 2 ಡಾಲರ್ 80 ಸೆಂಟಿಗೆ ಇಳಿಯಿತು. ಬ್ರಿಟನ್ನಿಗೆ ಒಂದೊಂದು ಡಾಲರೂ ಇನ್ನಷ್ಟು ತುಟ್ಟಿ. 1950ರಲ್ಲಿ ಕರಾರು ಮುಗಿಯಿತು. ಆ 'ಗಮನ'ದ ಲೆಕ್ಕ ಕೇಳಿದಾಗ, ಇನ್ನೇನೂ ಕೊಡುವುದು ಬಾಕಿ ಇಲ್ಲ ಎಂಬ ಉತ್ತರ ಬಂತು. ಕೊನೆಗೆ 1951ರಲ್ಲಿ ಕೆನಡಾ ಸರ್ಕಾರವೇ ತನ್ನ ಬೊಕ್ಕಸದಿಂದ 6 ಕೋಟಿ 50 ಲಕ್ಷ ಡಾಲರ್ ತೆಗೆದು ಗೋಧಿ ಮಂಡಳಿಗೆ ಕೊಟ್ಟಿತು. ಲಂಡನ್ನಿನ ಬ್ರೆಡ್ಡು ಅಗ್ಗವಾಗಿ ಸಿಕ್ಕಿತು. ಅದರ ಒಂದು ಪಾಲನ್ನು ಕೆನಡಾದ ರೈತ ತನ್ನ ಕೈಯಿಂದ ಕಟ್ಟಿದ್ದ. ಹಸಿದವರಿಗೆ ಅನ್ನ ಸಿಕ್ಕಿದ್ದಕ್ಕೆ ನನಗೆ ಸಂತೋಷವೇ. ಆದರೆ ಕೊಟ್ಟವನಿಗೆ ಕೊಟ್ಟ ಮಾತು ಹೀಗೆ ಆವಿಯಾಗಿ ಹೋಗಬಾರದಿತ್ತು.

ಅರ್ಜೆಂಟೀನಾದಲ್ಲಿ ಇದೇ ಆಟ ಉಲ್ಟಾ ನಡೆಯಿತು. ಅಲ್ಲಿ 1946ರಲ್ಲಿ, ಪೆರೋನ್ ಅಧ್ಯಕ್ಷನಾದ ಹೊತ್ತಿಗೆ, ಸರ್ಕಾರ ಒಂದು ವ್ಯಾಪಾರ ಸಂಸ್ಥೆ ಕಟ್ಟಿತು. ಅದು ರೈತರಿಂದ ಕಡಿಮೆ ಬೆಲೆಗೆ ತಗೊಂಡು ಹೊರದೇಶಕ್ಕೆ ಜಾಸ್ತಿ ಬೆಲೆಗೆ ಮಾರುತ್ತಿತ್ತು. ಬ್ರಿಟನ್ನಿಗೆ ದನದ ಮಾಂಸ ಬರುತ್ತಿದ್ದದ್ದು ಮುಖ್ಯವಾಗಿ ಅಲ್ಲಿಂದ. ಬೆಲೆಯ ಜಗಳ ಬೆಳೆಯಿತು. 1950ರ ಜುಲೈಯಲ್ಲಿ ಹಡಗುಗಳು ನಿಂತವು, ಮುಂದಿನ ಏಪ್ರಿಲ್ ತನಕ ಬರಲೇ ಇಲ್ಲ. ಬ್ರಿಟನ್ನಿನಲ್ಲಿ ಒಬ್ಬರಿಗೆ ವಾರಕ್ಕೆ ಸಿಗುವ ಮಾಂಸ 8 ಪೆನ್ನಿ ಬೆಲೆಯಷ್ಟಕ್ಕೆ ಇಳಿಯಿತು. ಯುದ್ಧದ ಕಾಲದಲ್ಲೂ ಅಷ್ಟು ಕಡಿಮೆ ಆಗಿರಲಿಲ್ಲ. ವ್ಯಾಪಾರಿಗಳ ನಡುವೆ ಮಾತು ಮುರಿದರೆ ಇನ್ನೊಬ್ಬ ವ್ಯಾಪಾರಿ ಇರುತ್ತಾನೆ. ಎರಡು ಸರ್ಕಾರಗಳ ನಡುವೆ ಮುರಿದರೆ ಇಡೀ ದೇಶದ ತಟ್ಟೆ ಖಾಲಿ.

ಟೀ ವಿಷಯ ನಮ್ಮ ದೇಶಕ್ಕೇ ಸೇರಿದ್ದು. ಯುದ್ಧದ ಕಾಲದಿಂದ ಭಾರತದ ಟೀ ಸೊಪ್ಪನ್ನು ಬ್ರಿಟನ್ನಿನ ಆಹಾರ ಸಚಿವಾಲಯ ಕರಾರಿನ ಮೇಲೆ ಒಟ್ಟಿಗೆ ತಗೊಳ್ಳುತ್ತಿತ್ತು. ತೋಟಗಳಿಗೆ ಬೆಲೆಯ ಚಿಂತೆ ಇರಲಿಲ್ಲ. 1951ರ ಏಪ್ರಿಲ್‌ನಲ್ಲಿ ಲಂಡನ್ ಹರಾಜು ಮತ್ತೆ ತೆರೆಯಿತು. ಮರುವರ್ಷವೇ ಬೆಲೆ ಕುಸಿಯಿತು. ಅಸ್ಸಾಮಿನ ಕಡೆ ಎಷ್ಟೋ ತೋಟಗಳು ಬಾಗಿಲು ಹಾಕಿದವು, ಕೂಲಿಯವರು ಕೆಲಸ ಕಳೆದುಕೊಂಡರು. ಆಸರೆ ಕೊಡುವುದಕ್ಕಿಂತ ಆಸರೆ ತೆಗೆಯುವುದಕ್ಕೆ ಹೆಚ್ಚು ಜಾಣತನ ಬೇಕು.

ಖರೀದಿದಾರನ ಜಾಗದಲ್ಲಿ ನಮ್ಮ ದೇಶವೂ ನಿಂತಿತ್ತು. ಮಳೆ ಕೈಕೊಟ್ಟು 1946ರಲ್ಲಿ ದಕ್ಷಿಣದಲ್ಲಿ, ನಮ್ಮ ಮೈಸೂರು ಸೀಮೆಯಲ್ಲೂ, ಕಾಳಿನ ಕೊರತೆ ಬಂದಾಗ ಗೋಧಿ, ಅಕ್ಕಿ ಕೇಳಿಕೊಂಡು ಲಂಡನ್ನಿಗೆ, ವಾಷಿಂಗ್ಟನ್ನಿಗೆ ಹೋದ ನಿಯೋಗದ ಮುಖ್ಯಸ್ಥರು ಸರ್ ಎ. ರಾಮಸ್ವಾಮಿ ಮೊದಲಿಯಾರ್. ಅದೇ ವರ್ಷ ಅವರು ಮೈಸೂರಿನ ದಿವಾನರಾದರು. ಐದು ವರ್ಷದ ಮೇಲೆ, 1951ರಲ್ಲಿ, ಭಾರತ ಸರ್ಕಾರ ಒಂದೇ ವರ್ಷದಲ್ಲಿ ಸುಮಾರು 47 ಲಕ್ಷ ಟನ್ ಕಾಳು ತರಿಸಿತು. ಅದರಲ್ಲಿ ಅಮೆರಿಕದ ಮೈಲೋ ಜೋಳವೂ ಇತ್ತು. ಬಿಳಿಜೋಳದ ರೊಟ್ಟಿ ತಿಂದು ಬೆಳೆದವರಿಗೆ ಅದು ಹಿಡಿಸಲಿಲ್ಲ. ಆದರೂ ತಿಂದರು, ಬೇರೆ ಏನಿತ್ತು? ಒಬ್ಬನೇ ಖರೀದಿದಾರ ಅಂದರೆ ನಮ್ಮ ನಾಲಿಗೆಯ ರುಚಿಯನ್ನೂ ಅವನೇ ತೀರ್ಮಾನಿಸುತ್ತಾನೆ.

ಈ ಕರಾರುಗಳಲ್ಲಿ ನನಗೆ ಮೆಚ್ಚುಗೆ ಆಗುವುದು ಉಣ್ಣೆಯದು. ಯುದ್ಧದ ಶುರುವಿನಲ್ಲೇ ಬ್ರಿಟನ್ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಉಣ್ಣೆಯನ್ನೆಲ್ಲ ತಗೊಳ್ಳಲು ಒಪ್ಪಿತ್ತು. ಯುದ್ಧ ಮುಗಿದಾಗ ಮಾರದೆ ಉಳಿದದ್ದು ಸುಮಾರು 1 ಕೋಟಿ ಮೂಟೆ. ಒಮ್ಮೆಲೇ ಪೇಟೆಗೆ ಸುರಿದಿದ್ದರೆ ಹೊಸ ಉಣ್ಣೆಗೆ ಬೆಲೆಯೇ ಇರುತ್ತಿರಲಿಲ್ಲ. ಅದಕ್ಕೆ ಆ ದೇಶಗಳೂ ದಕ್ಷಿಣ ಆಫ್ರಿಕಾವೂ ಬ್ರಿಟನ್ನೂ ಸೇರಿ ಒಂದು ಜಂಟಿ ಸಂಸ್ಥೆ ಮಾಡಿಕೊಂಡವು. ಹರಾಜಿನಲ್ಲಿ ಹೊಸ ಉಣ್ಣೆಯ ಜೊತೆ ಹಳೆಯದನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರು. ಬೆಲೆ ಬೀಳುವ ಹಾಗೆ ಕಂಡರೆ ತಡೆದು ನಿಲ್ಲಿಸಿದರು. ಹತ್ತು ವರ್ಷಕ್ಕಿಂತ ಜಾಸ್ತಿ ಬೇಕಾಗಬಹುದು ಎಂದುಕೊಂಡಿದ್ದ ದಾಸ್ತಾನು 1951ರ ಹೊತ್ತಿಗೆ ಖಾಲಿ. ಇಲ್ಲಿ 'ಗಮನ' ಅನ್ನುವ ಮಾತಿಗೆ ಜಾಗವೇ ಇರಲಿಲ್ಲ. ಲಾಭ ಬಂದರೆ ಅರ್ಧ ಬ್ರಿಟನ್ನಿಗೆ, ಅರ್ಧ ಉಣ್ಣೆ ಕೊಟ್ಟ ದೇಶಕ್ಕೆ ಎಂದು ಅಂಕಿಯಲ್ಲೇ ಮಾತಾಗಿತ್ತು. 1948ರಲ್ಲಿ ಆಸ್ಟ್ರೇಲಿಯಾ ಒಂದು ಕಾನೂನು ಮಾಡಿತು. ಆ ಅರ್ಧ ಲಾಭವನ್ನು ಯುದ್ಧದ ವರ್ಷಗಳಲ್ಲಿ ಯಾರು ಎಷ್ಟು ಉಣ್ಣೆ ಕೊಟ್ಟಿದ್ದರೋ ಆ ಲೆಕ್ಕ ತೆಗೆದು, ಕುರಿ ಸಾಕಿದವರಿಗೇ ಹಂಚಿದರು.

ನಮಸ್ಕಾರ.