ಕೀ ಯಾರ ಜೇಬಿನಲ್ಲಿದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆ ಬಿಟ್ಟಿದೆ. ನಮ್ಮ ಕಾಸರಗೋಡಿನಲ್ಲಿ ಮಂಜೇಶ್ವರದಿಂದ ಬಂದಡ್ಕದವರೆಗೆ ಎಲ್ಲಿ ಹೋದರೂ ಈಗ ಚೈನ್ ಸಾ ಶಬ್ದ. ಹಾಲು ಕಡಿಮೆಯಾದ ರಬ್ಬರ್ ಮರಗಳನ್ನು ಕಡಿಯುತ್ತಿದ್ದಾರೆ. ಗುಡ್ಡದ ಅಕೇಶಿಯಾ, ಮಾಂಜಿಯಂ ಇಳಿಯುತ್ತಿದೆ. ಲಾರಿಗಳು ಮರದ ಮಿಲ್ಲುಗಳಿರುವ ವಳಪಟ್ಟಣಂ ಕಡೆಗೆ, ಪೆರುಂಬಾವೂರು ಕಡೆಗೆ ಹೊರಟಿವೆ. ಮರ ಬೀಳುವಾಗ ಜಾಗ್ರತೆ ಅಂತ ಯಾರಿಗೂ ಹೇಳಬೇಕಾಗಿಲ್ಲ, ಎಲ್ಲರೂ ಓಡುತ್ತಾರೆ. ಮಿಷನ್ ಓಡುವಾಗಲೂ ಯಾರೂ ಅದಕ್ಕೆ ಕೈ ಹಾಕುವುದಿಲ್ಲ. ಕೈ ಹಾಕುವುದು ಅದು ನಿಂತ ಮೇಲೆ. ಬ್ಲೇಡ್ ಬದಲಿಸುವಾಗ, ಪಟ್ಟೆ ಹಾಕುವಾಗ, ಗ್ರೀಸ್ ಹೊಡೆಯುವಾಗ. ಧೈರ್ಯ ಬರುವುದೇ ಆಗ ಅಲ್ವಾ?

ಅದಕ್ಕೆ ಇವತ್ತು ನಾನು ಒಂದೇ ಮಾತು ಹೇಳುತ್ತೇನೆ. ರಿಪೇರಿ ಮಾಡುವವನ ಜೇಬಿನಲ್ಲೇ ಆ ಮಿಷನ್‌ನ ಕೀ ಇರಬೇಕು. ಮೇಸ್ತ್ರಿ ಹತ್ತಿರ ಬೇಡ, ಧನಿಗಳ ಮೇಜಿನ ಮೇಲೂ ಬೇಡ. ಒಳಗೆ ಕೈ ಹಾಕಿದವನ ಜೇಬಿನಲ್ಲಿ.

ಮರದ ಮಿಲ್ಲುಗಳ ರಿಪೇರಿ ಮಾಡಿಯೇ ನನ್ನ ಆಯುಷ್ಯ ಹೋದದ್ದು. ಅದರಲ್ಲಿ ಒಂದು ಮಿಲ್ಲಿನ ಕತೆ ಕೇಳಿ. ಹೆಸರು ಬೇಡ, ಬದಿಯಡ್ಕದಿಂದ ಒಳಗೆ ಅಂತಿಟ್ಟುಕೊಳ್ಳಿ. ಆಟಿ ತಿಂಗಳು, ಮಧ್ಯಾಹ್ನ ಮೇಲೆ ಗಾಳಿ ಮಳೆ. ಎಲ್ಲೋ ಲೈನಿನ ಮೇಲೆ ಕೊಂಬೆ ಬಿದ್ದು ಕರೆಂಟು ಹೋಯಿತು. ಬ್ಯಾಂಡ್ ಸಾ ನಿಧಾನಕ್ಕೆ ತಿರುಗಿ ತಿರುಗಿ ನಿಂತಿತು. ಮಿಲ್ಲು ನೋಡದವರಿಗೆ ಹೇಳುತ್ತೇನೆ, ಬ್ಯಾಂಡ್ ಸಾ ಅಂದರೆ ಮರ ಸೀಳುವ ಗರಗಸ, ಅದಕ್ಕೆ ಎರಡು ದೊಡ್ಡ ಚಕ್ರ, ಚಕ್ರಗಳ ಸುತ್ತ ಪಟ್ಟಿಯ ಹಾಗೆ ಬ್ಲೇಡ್ ಇರುತ್ತದೆ. ಮೇಲಿನದು ಕಣ್ಣಿಗೆ ಕಾಣುತ್ತದೆ, ಕೆಳಗಿನದು ನೆಲದೊಳಗಿನ ಗುಂಡಿಯಲ್ಲಿ. ಆ ಗುಂಡಿಯಲ್ಲಿ ಮರದ ಹುಡಿ ತುಂಬುತ್ತದೆ. ಮಳೆಗಾಲದಲ್ಲಿ ಹಸಿ ಹುಡಿ ಹಿಟ್ಟಿನ ಹಾಗೆ ಅಂಟಿ ಕೂರುತ್ತದೆ.

ಮಿಲ್ಲಿನಲ್ಲಿ ಎಲ್ಲರಿಗಿಂತ ಹಳಬ, ಎಲ್ಲರಿಗಿಂತ ಚುರುಕು ಆಳು ಒಬ್ಬರಿದ್ದರು. ಸುಮ್ನೆ ಕೂರುವ ಜಾತಿ ಅಲ್ಲ. "ಕರೆಂಟು ಬರುವಷ್ಟರಲ್ಲಿ ಹುಡಿ ತೆಗೆಯುತ್ತೇನೆ" ಅಂತ ಕತ್ತಿಯಷ್ಟು ಉದ್ದದ ಒಂದು ತಗಡು ಹಿಡಿದು ಗುಂಡಿಗೆ ಇಳಿದರು. ಮೇನ್ ಸ್ವಿಚ್ ತೆಗೆದರಾ? ಇಲ್ಲ. ಕರೆಂಟೇ ಇಲ್ಲವಲ್ಲ, ಯಾಕೆ ತೆಗೆಯಬೇಕು!

ಈಗ ಸ್ಟಾರ್ಟರ್, ಅಂದರೆ ಮೋಟರು ಚಾಲೂ ಮಾಡುವ ಪೆಟ್ಟಿಗೆಯ ವಿಷಯ. ಸರಿಯಾಗಿರುವ ಸ್ಟಾರ್ಟರ್ ಕರೆಂಟು ಹೋದ ಕೂಡಲೇ ಬಿಟ್ಟುಕೊಳ್ಳುತ್ತದೆ, ಅಂದರೆ ತಾನೇ ಆಫ್ ಆಗುತ್ತದೆ. ಕರೆಂಟು ಬಂದರೂ ಯಾರಾದರೂ ಅದರ ಹಸಿರು ಗುಂಡಿ, ಅಂದರೆ ಬಟನ್, ಒತ್ತುವ ತನಕ ಮೋಟರು ತಿರುಗುವುದಿಲ್ಲ. ಒಳಗೆ ಅದಕ್ಕೆಂದೇ ಒಂದು ಕಾಯಿಲ್ ಇದೆ. ಆದರೆ ಆ ಮಿಲ್ಲು ಲೈನಿನ ಕೊನೆಯಲ್ಲಿತ್ತು. ಸಂಜೆ ವೋಲ್ಟೇಜ್ ಇಳಿದಾಗಲೆಲ್ಲ ಸ್ಟಾರ್ಟರ್ ಬಿಟ್ಟುಕೊಂಡು ಉಪದ್ರ ಕೊಡುತ್ತಿತ್ತು. ಹಾಗಾಗಿ ಯಾರೋ ಬುದ್ಧಿವಂತರು ಬೀಡಿ ಕಟ್ಟಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಹಸಿರು ಗುಂಡಿಯ ಸಂದಿನಲ್ಲಿ ತುರುಕಿ, ಗುಂಡಿ ಒತ್ತಿದ ಹಾಗೇ ನಿಲ್ಲುವಂತೆ ಮಾಡಿದ್ದರು. ಆ ಕಾಗದವನ್ನು ಆಮೇಲೆ ನಾನೇ ಕೈಯಾರೆ ಎಳೆದು ತೆಗೆದೆ. ಎಣ್ಣೆ ಹಿಡಿದು ಕಪ್ಪಾಗಿತ್ತು. ಎಷ್ಟು ಕಾಲದಿಂದ ಇತ್ತೋ ಏನೋ.

ಕರೆಂಟು ಬಂತು. ಚಕ್ರ ತಿರುಗಿತು. ತಗಡು ಕೊಕ್ಕೆಯ ಹಾಗೆ ಬಗ್ಗಿಹೋಗಿತ್ತು. ಅವರ ಬಲಗೈಯ ಎರಡು ಬೆರಳು ಹೋಯಿತು.

ಮರುದಿನ ಧನಿಗಳು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದರು, ಸ್ವಿಚ್ ಹಾಕಿದ್ದು ಯಾರು ಅಂತ. ಒಬ್ಬೊಬ್ಬರೂ "ನಾನಲ್ಲ" ಅಂದರು. ಎಲ್ಲರೂ ಹೇಳಿದ್ದು ಸತ್ಯವೇ. ಯಾರೂ ಸ್ವಿಚ್ ಹಾಕಿರಲಿಲ್ಲ. ಇದನ್ನು ನಾನು ಎಷ್ಟು ಕಡೆ ಹೇಳಿದ್ದೇನೋ, ಈಗಲೂ ಕೆಲವರು "ಹಾಗಾದರೆ ತಪ್ಪು ಯಾರದ್ದು?" ಅಂತ ಕೇಳುತ್ತಾರೆ. ತಪ್ಪು ಹುಡುಕಿ ಏನು ಮಾಡುತ್ತೀರಿ? ಮೇನ್ ಸ್ವಿಚ್‌ಗೆ ಒಂದು ಬೀಗ ಹಾಕಿದ್ದರೆ ಮುಗಿದಿತ್ತು.

ಬೀಗ ಅಂದರೆ ದೊಡ್ಡ ಸಂಗತಿ ಅಲ್ಲ. ಮೇನ್ ಸ್ವಿಚ್ಚಿನ ಹಿಡಿಯ ಹತ್ತಿರ ನೋಡಿ, ಹೆಚ್ಚಿನದರಲ್ಲಿ ಒಂದು ತೂತು ಇರುತ್ತದೆ. ಅದು ಬೀಗಕ್ಕೆಂದೇ ಇಟ್ಟದ್ದು. ಹಿಡಿ ಕೆಳಗಿಳಿಸಿ, ಬೀಗ ಹಾಕಿ, ಕೀ ಜೇಬಿಗೆ. ತೂತು ಇಲ್ಲದ ಹಳೇ ಸ್ವಿಚ್ ಆದರೆ ಅದನ್ನು ಆಫ್ ಮಾಡಿ, ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಜನರೇಟರ್ ಇದ್ದರೆ ಅದಕ್ಕೂ ಹೀಗೇ. ಇಬ್ಬರು ಕೆಲಸ ಮಾಡುವುದಾದರೆ ಎರಡು ಬೀಗ, ಎರಡು ಕೀ. ಒಬ್ಬ ಮುಗಿಸಿ ಹೋದ ಅಂತ ಇನ್ನೊಬ್ಬನ ಬೀಗ ತೆಗೆಯಬಾರದು. ಜೊತೆಗೆ ಒಂದು ಕೆಂಪು ರಟ್ಟು ನೇತುಹಾಕಿ, ಅದರಲ್ಲಿ ಕೆಲಸ ಮಾಡುವವನ ಫೋಟೋ ಅಂಟಿಸಿ. ಬಂಗಾಳ, ಅಸ್ಸಾಮಿನಿಂದ ಬಂದ ಹುಡುಗರಿಗೆ ನಮ್ಮ ಕನ್ನಡ, ಮಲಯಾಳ ಓದಲು ಬರುವುದಿಲ್ಲ. ಮುಖ ಗುರುತಾಗುತ್ತದೆ. ಬೀಗ ಹಾಕಿದ ಮೇಲೆ ಹಸಿರು ಗುಂಡಿ ಒಂದು ಸಲ ಒತ್ತಿ ನೋಡಿ. ಮೋಟರು ಅಲ್ಲಾಡದಿದ್ದರೆ ಮಾತ್ರ ಚಕ್ರದ ಗುಂಡಿಗೆ ಇಳಿಯಿರಿ.

ಅಮೆರಿಕದಲ್ಲಿ ಇಂಥ ಬೀಗಕ್ಕೆಂದೇ 1989ರಲ್ಲಿ ನಿಯಮ ಬಂತು. ನಮ್ಮ 1948ರ ಫ್ಯಾಕ್ಟರಿ ಕಾಯ್ದೆಯ 24ನೇ ಸೆಕ್ಷನ್‌ನಲ್ಲೂ, ತನ್ನಷ್ಟಕ್ಕೆ ಆನ್ ಆಗಬಹುದಾದ ಸ್ವಿಚ್‌ಗೆ ಬೀಗದ ವ್ಯವಸ್ಥೆ ಬೇಕು ಅಂತ ಬರೆದಿತ್ತು. ಕಾಯ್ದೆ ಓದಿದವರು ಯಾರು ಹೇಳಿ. "ಐದು ನಿಮಿಷದ ಕೆಲಸ ಸಾರ್, ಬೀಗ ಯಾಕೆ?" ಅಂತಾರೆ. ಐದು ನಿಮಿಷದ ಕೆಲಸಕ್ಕೇ ಬೀಗ ಬೇಕಾದದ್ದು. ದಿನವಿಡೀ ಮಾಡುವ ರಿಪೇರಿಗಾದರೆ ಎಲ್ಲರೂ ಸ್ವಿಚ್ ತೆಗೆದೇ ತೆಗೆಯುತ್ತಾರೆ.

ಹಿಟಾಚಿ, ಜೆಸಿಬಿ, ಕ್ರೇನ್ ಇರುವವರಿಗೂ ಬೇಗ ಎರಡು ಮಾತು. ಇಂಜಿನ್ ಬಂದ್ ಮಾಡಿ ಕೀ ಜೇಬಿಗೆ ಹಾಕಿದಿರಿ, ಒಳ್ಳೆಯದು. ಆದರೆ ಮೇಲೆ ಎತ್ತಿದ ಬಕೆಟ್, ಬಾವಿಯಿಂದ ಅರ್ಧಕ್ಕೆ ಎಳೆದ ಕೊಡಪಾನದ ಹಾಗೆ. ಎಣ್ಣೆ ಹಿಡಿದುಕೊಂಡಿದೆ, ಬಿಟ್ಟರೆ ಬೀಳುತ್ತದೆ. ಮೊದಲು ಅದನ್ನು ನೆಲಕ್ಕೆ ಇಳಿಸಿ. ಇಳಿಸಲು ಆಗದಿದ್ದರೆ ಗಟ್ಟಿ ಕಬ್ಬಿಣದ ಸ್ಟ್ಯಾಂಡ್ ಕೊಡಿ, ಜಾಕಿ ಸಾಲದು. ಇಂಜಿನ್ ನಿಂತ ಮೇಲೆ ಲಿವರ್‌ಗಳನ್ನು ಎಲ್ಲ ಕಡೆಗೂ ಆಡಿಸಿ, ಎಣ್ಣೆ ಪೈಪಿನ ಒತ್ತಡ ಇಳಿಯಲಿ. ಪೈಪ್ ಸೋರುತ್ತಿದೆಯಾ ಅಂತ ಕೈಯಿಂದ ಮಾತ್ರ ಸವರಿ ನೋಡಬೇಡಿ. ಒತ್ತಡ ಅಳೆಯುವುದು ಬಾರ್ ಲೆಕ್ಕದಲ್ಲಿ; ಕಾರಿನ ಟಯರಿನಲ್ಲಿ 2 ಬಾರ್ ಚಿಲ್ಲರೆ ಗಾಳಿ, ಈ ಪೈಪಿನಲ್ಲಿ 200 ಬಾರ್ ದಾಟುತ್ತದೆ. ಎಣ್ಣೆ ಚರ್ಮ ತೂತು ಮಾಡಿ ಒಳಗೆ ಹೋಗುತ್ತದೆ. ಸೂಜಿ ಚುಚ್ಚಿದಷ್ಟೇ ಗುರುತು, ಮೊದಲು ನೋವೂ ಜಾಸ್ತಿ ಇರುವುದಿಲ್ಲ. ಆದರೆ ಅದು ಅವತ್ತೇ ಆಪರೇಶನ್ ಆಗಬೇಕಾದ ಗಾಯ. ಡಾಕ್ಟರ ಹತ್ತಿರ "ಎಣ್ಣೆ ಒಳಗೆ ಹೋಗಿದೆ" ಅಂತಲೇ ಹೇಳಿ. ಸೋರಿಕೆ ನೋಡಲು ಒಂದು ರಟ್ಟಿನ ತುಂಡು ಸಾಕು.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಬ್ಯಾಂಡ್ ಸಾದ ಬ್ಲೇಡ್ ಬಿಚ್ಚುವ ಮೊದಲು ಬಿಗಿ ಸಡಿಲಿಸಿ, ಇಲ್ಲದಿದ್ದರೆ ಅದು ಚಿಮ್ಮುತ್ತದೆ. ತಿರುಗುವ ಚಕ್ರಕ್ಕೆ ಮರದ ತುಂಡು ಕೊಟ್ಟು ನಿಲ್ಲಿಸಬೇಡಿ, ತಾನಾಗಿ ನಿಲ್ಲಲಿ. ಬ್ಯಾಟರಿ ವಯರ್ ಬಿಚ್ಚುವಾಗ ಮೈನಸ್ ಮೊದಲು. ಚೈನ್ ಸಾಕ್ಕೆ ಕೀ ಇಲ್ಲವಲ್ಲ ಅಂತ ಕೇಳುತ್ತೀರಿ, ಗೊತ್ತು. ಇಂಜಿನ್ ಬಂದ್ ಮಾಡಿ ಪ್ಲಗ್ ಕ್ಯಾಪ್ ಎಳೆದಿಡಿ. ಬ್ಯಾಟರಿಯದ್ದಾದರೆ ಬ್ಯಾಟರಿ ತೆಗೆದು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಮತ್ತೆ ಮಿಲ್ಲಿನ ಧನಿಗಳೇ, ನಾಳೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಸ್ಟಾರ್ಟರ್ ಹತ್ತಿರ ಹೋಗಿ, ಹಸಿರು ಗುಂಡಿಯ ಸಂದಿನಲ್ಲಿ ಕಾಗದ ಇದೆಯಾ ನೋಡಿ. ನಮಸ್ಕಾರ.