ಕೆಂಡ, ಗಾಳಿ, ಮುಚ್ಚಳ: ಮನೆಯಲ್ಲಿ ಬಾರ್ಬೆಕ್ಯೂ ಶುರು ಮಾಡುವವರಿಗೆ

ಎಲ್ಲರಿಗೂ ನಮಸ್ಕಾರ. ಬಾರ್ಬೆಕ್ಯೂ ಅಂದ ತಕ್ಷಣ ಮಸಾಲೆ ಯಾವುದು, ಎಷ್ಟು ಹೊತ್ತು ನೆನೆಸಬೇಕು ಅಂತ ಕೇಳುವವರೇ ಜಾಸ್ತಿ. ಅದನ್ನು ಎರಡು ಮಾತಲ್ಲಿ ಮುಗಿಸುತ್ತೇನೆ, ಆದರೆ ಆಮೇಲೆ. ಯಾಕೆಂದರೆ ಹೊಸಬರ ಕೈಯಲ್ಲಿ ಮಾಂಸ ಕೆಡುವುದು ಮಸಾಲೆಯಿಂದ ಅಲ್ಲವೇ ಅಲ್ಲ. ಹೊರಗೆ ಕರಕಲು, ಒಳಗೆ ಹಸಿ. ಇಲ್ಲದಿದ್ದರೆ ಎಷ್ಟು ಅಗಿದರೂ ಹಲ್ಲಿಗೆ ಬಗ್ಗದ ರಬ್ಬರು. ಎರಡಕ್ಕೂ ಕಾರಣ ಒಂದೇ, ಬೆಂಕಿ ನಮ್ಮ ಮಾತು ಕೇಳಲಿಲ್ಲ. ಇದ್ದಿಲಿನ ಬೆಂಕಿಗೆ ಗ್ಯಾಸ್ ಒಲೆಯ ಥರ ತಿರುಗಿಸುವ ಗುಬ್ಬಿ ಇಲ್ಲ, ಅಲ್ವಾ? ಅದನ್ನು ಏರಿಸುವುದೂ ಇಳಿಸುವುದೂ ಗಾಳಿಯಿಂದ ಮಾತ್ರ. ಹಾಗಾಗಿ ಇವತ್ತಿನ ಮಾತು ಗಾಳಿಯ ಸುತ್ತಲೇ ತಿರುಗುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕೆಂಡದ ನೇರ ಮೇಲೆ ಮಾಂಸ ಇಟ್ಟು ಕೆಲವೇ ನಿಮಿಷಗಳಲ್ಲಿ ಸುಡುವುದು ಒಂದು ಕೆಲಸ. ಕೆಂಡದಿಂದ ದೂರ ಇಟ್ಟು, ಮುಚ್ಚಳ ಹಾಕಿ, 105ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವುದು ಬೇರೆಯೇ ಕೆಲಸ. ಜನ ಎರಡನ್ನೂ ಬಾರ್ಬೆಕ್ಯೂ ಅಂತಲೇ ಕರೆಯುತ್ತಾರೆ, ಕರೆಯಲಿ ಬಿಡಿ. ಆದರೆ ಒಂದಕ್ಕೆ ಸರಿಹೊಂದುವ ಮಾಂಸ ಇನ್ನೊಂದಕ್ಕೆ ಆಗಿಬರುವುದಿಲ್ಲ, ಇದನ್ನು ನೆನಪಿಡಿ.

ಸಾಮಾನು ಜಾಸ್ತಿ ಬೇಡ. ಮುಚ್ಚಳ ಇರುವ ಒಂದು ದುಂಡನೆಯ ಗ್ರಿಲ್ ಸಾಕು, ಎರಡೂ ಕೆಲಸ ಅದರಲ್ಲೇ ಆಗುತ್ತದೆ. ಈ ದುಂಡು ಗ್ರಿಲ್ ಹುಟ್ಟಿದ್ದು 1952ರಲ್ಲಿ, ಶಿಕಾಗೋದಲ್ಲಿ. ಅಲ್ಲಿನ ವೆಬರ್ ಬ್ರದರ್ಸ್ ಅನ್ನುವ ಲೋಹದ ಕಾರ್ಖಾನೆಯಲ್ಲಿ ಜಾರ್ಜ್ ಸ್ಟೀಫನ್ ಕೆಲಸ ಮಾಡುತ್ತಿದ್ದರು. ನೀರಿನ ಮೇಲೆ ತೇಲಿಬಿಡುವ ಲೋಹದ ಟೊಳ್ಳು ಗೋಳಗಳನ್ನು ಆ ಕಾರ್ಖಾನೆ ಮಾಡುತ್ತಿತ್ತು. ಅಂಥ ಗೋಳವನ್ನೇ ಎರಡು ಹೋಳು ಮಾಡಿ, ಕೆಳಗಿನದರಲ್ಲಿ ಇದ್ದಿಲು ತುಂಬಿ, ಮೇಲಿನದನ್ನು ಮುಚ್ಚಳ ಮಾಡಿದರು. ನೋಡಲು ಏನೂ ಇಲ್ಲ, ಆದರೆ ಆ ಮುಚ್ಚಳ ಬಂದ ಮೇಲೆ ತೆರೆದ ಒಲೆ ಒಂದು ಓವನ್ ಆಯಿತು. ಮುಚ್ಚಿದಾಗ ಒಳಗೆ ಹೋಗುವ ಗಾಳಿ ಕಮ್ಮಿಯಾಗಿ ಜ್ವಾಲೆ ಇಳಿಯುತ್ತದೆ, ಬಿಸಿ ಮಾತ್ರ ಒಳಗೇ ಸುತ್ತುತ್ತದೆ. ತಳದಲ್ಲಿ ಒಂದು ಗಾಳಿಕಂಡಿ, ಮುಚ್ಚಳದಲ್ಲಿ ಒಂದು ಗಾಳಿಕಂಡಿ. ಕೊಳ್ಳುವಾಗ ಇವೆರಡೂ ಸಲೀಸಾಗಿ ತೆರೆದು ಮುಚ್ಚುತ್ತವಾ ನೋಡಿ, ಮಿಕ್ಕ ಅಲಂಕಾರ ಏನೂ ಬೇಕಿಲ್ಲ.

ಇದ್ದಿಲಿನಲ್ಲಿ ಎರಡು ಜಾತಿ. ಮರವನ್ನೇ ಸುಟ್ಟು ಮಾಡಿದ ತುಂಡು ಇದ್ದಿಲು ಬೇಗ ಹತ್ತಿಕೊಳ್ಳುತ್ತದೆ, ಜೋರಾಗಿ ಉರಿಯುತ್ತದೆ, ಬೂದಿ ಕಮ್ಮಿ. ಆದರೆ ಒಂದು ತುಂಡು ಮುಷ್ಟಿ ಗಾತ್ರ, ಇನ್ನೊಂದು ಅಡಿಕೆ ಗಾತ್ರ, ಉರಿ ಒಂದೇ ಸಮ ಇರುವುದಿಲ್ಲ. ಇನ್ನೊಂದು ಬ್ರಿಕೆಟ್, ಇದ್ದಿಲ ಪುಡಿಯನ್ನು ಪಿಷ್ಟದ ಅಂಟು ಹಾಕಿ ಅಚ್ಚಿಗೆ ಒತ್ತಿದ್ದು. ಬೂದಿ ಜಾಸ್ತಿ, ಆದರೆ ಎಲ್ಲ ಒಂದೇ ಗಾತ್ರ, ತುಂಬ ಹೊತ್ತು ಒಂದೇ ಹದದಲ್ಲಿ ಉರಿಯುತ್ತದೆ. ತುಂಡು ಇದ್ದಿಲೇ ಶ್ರೇಷ್ಠ ಅಂತ ಜಗಳ ಆಡುವವರಿದ್ದಾರೆ. ನಿಧಾನ ಬೇಯಿಸುವುದನ್ನು ಕಲಿಯುವವರಿಗೆ ಬ್ರಿಕೆಟ್ಟೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಯಾವುದೇ ಆಗಲಿ, ಚೀಲದ ತಳದ ಪುಡಿಯನ್ನು ಗ್ರಿಲ್‌ಗೆ ಸುರಿಯಬೇಡಿ, ಅದು ಗಾಳಿಯ ದಾರಿ ಕಟ್ಟಿಹಾಕುತ್ತದೆ.

ಹೊತ್ತಿಸಲು ಸೀಮೆಎಣ್ಣೆ, ಪೆಟ್ರೋಲು ದಯವಿಟ್ಟು ಬೇಡ. ಮಾಂಸಕ್ಕೆ ವಾಸನೆ ಹಿಡಿಯುವುದು ಸಣ್ಣ ಮಾತು, ಮುಖಕ್ಕೇ ಬೆಂಕಿ ಹಾರುತ್ತದೆ. ಚಿಮಣಿ ಸ್ಟಾರ್ಟರ್ ಅಂತ ಒಂದು ಲೋಹದ ಕೊಳವೆ ಸಿಗುತ್ತದೆ, ಹಿಡಿ ಇರುತ್ತದೆ, ಕೆಳಗೆ ತೂತುಗಳು. ಮೇಲೆ ಇದ್ದಿಲು ತುಂಬಿ ಕೆಳಗೆ ಎರಡು ಹಾಳೆ ಕಾಗದ ಉಂಡೆ ಮಾಡಿ ಕಡ್ಡಿ ಗೀರಿದರೆ ಸಾಕು. ಬಿಸಿ ಗಾಳಿ ಮೇಲೇರುತ್ತದೆ, ಕೆಳಗಿನಿಂದ ಹೊಸ ಗಾಳಿ ಎಳೆದುಕೊಳ್ಳುತ್ತದೆ, 15-20 ನಿಮಿಷದಲ್ಲಿ ಮೇಲಿನ ಇದ್ದಿಲ ಅಂಚಿಗೂ ಬೂದಿ ಬಣ್ಣ ಬರುತ್ತದೆ. ಆಗ ಸುರಿಯಿರಿ, ಅದಕ್ಕೂ ಮುಂಚೆ ಬೇಡ.

ಸುರಿಯುವಾಗ ಗ್ರಿಲ್ ತುಂಬ ಹರಡಬಾರದು. ಕೆಂಡವೆಲ್ಲ ಒಂದು ಬದಿಗೆ, ಇನ್ನೊಂದು ಬದಿ ಖಾಲಿ. ಈ ಖಾಲಿ ಜಾಗವೇ ನಿಮ್ಮನ್ನು ಕಾಪಾಡುವುದು. ಮೊದಲ ಸಲಕ್ಕೆ ಕೋಳಿಯ ತೊಡೆ ತೆಗೆದುಕೊಳ್ಳಿ, ಚರ್ಮ, ಮೂಳೆ ಸಮೇತ. ಅದನ್ನು ಖಾಲಿ ಬದಿಯಲ್ಲಿಟ್ಟು ಮುಚ್ಚಳ ಹಾಕಿ ಬೇಯಿಸಿ, ಕೊನೆಯ ಎರಡು ಮೂರು ನಿಮಿಷ ಮಾತ್ರ ಕೆಂಡದ ಮೇಲೆ ಎಳೆದು ಚರ್ಮ ಗರಿಗರಿ ಮಾಡಿ. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದರೆ ನೀರು ಚಿಮುಕಿಸಬೇಡಿ, ಬೂದಿ ಎದ್ದು ಮಾಂಸಕ್ಕೇ ಮೆತ್ತುತ್ತದೆ. ತುಂಡನ್ನು ಖಾಲಿ ಬದಿಗೆ ತಳ್ಳಿ ಮುಚ್ಚಿಬಿಡಿ, ಗಾಳಿ ಸಿಗದೆ ತಾನೇ ಇಳಿಯುತ್ತದೆ. ಕೋಳಿ ಎಷ್ಟು ಬೆಂದಿದೆ ಅಂತ ಕತ್ತರಿಸಿ ನೋಡುವ ಅಭ್ಯಾಸ ಬಿಡಿ. ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಒಂದು ಕೊಳ್ಳಿ. ದಪ್ಪ ಭಾಗದಲ್ಲಿ, ಮೂಳೆಗೆ ತಾಗದಂತೆ ಚುಚ್ಚಬೇಕು. 74 ಡಿಗ್ರಿ ಬಂದರೆ ತಿನ್ನಲು ಸುರಕ್ಷಿತ. ತೊಡೆಯಾದರೆ 80 ದಾಟಿದರೂ ಒಣಗುವುದಿಲ್ಲ, ಇನ್ನೂ ಮೆತ್ತಗಾಗುತ್ತದೆ. ಎದೆ ಭಾಗದಲ್ಲಿ ಈ ಧಾರಾಳ ನಡೆಯುವುದಿಲ್ಲ. ಕುರಿ, ಹಂದಿ, ದನದ ಖೈಮಾಗೆ 71 ಡಿಗ್ರಿ ಬೇಕು, ಯಾಕೆಂದರೆ ಅರೆಯುವಾಗ ಹೊರಗಿನ ಬ್ಯಾಕ್ಟೀರಿಯಾ ಒಳಗೂ ಸೇರಿಕೊಂಡಿರುತ್ತದೆ.

ಇದು ಕೈಗೆ ಹತ್ತಿದ ಮೇಲೆ ನಿಧಾನದ ಅಡುಗೆಗೆ ಬನ್ನಿ. ಇಲ್ಲಿ ಅಗ್ಗದ, ಗಟ್ಟಿ ಭಾಗಗಳದ್ದೇ ದರ್ಬಾರು: ಕುರಿಯ ಭುಜ, ಹಂದಿಯ ಭುಜ, ದನದ ಎದೆ ಭಾಗ. ಪ್ರಾಣಿ ಬದುಕಿರುವಾಗ ಜಾಸ್ತಿ ದುಡಿದ ಸ್ನಾಯುಗಳು ಇವು. ಎಳೆಗಳ ನಡುವೆ ಕೊಲಾಜನ್ ಅನ್ನುವ ಗಟ್ಟಿ ನಾರು ತುಂಬಿರುತ್ತದೆ. ಮಾಂಸದ ಒಳಗಿನ ಬಿಸಿ ಸುಮಾರು 70 ಡಿಗ್ರಿ ದಾಟಿದ ಮೇಲೆ ಈ ನಾರು ಕರಗಿ ಜೆಲಟಿನ್ ಆಗತೊಡಗುತ್ತದೆ. ಬಿಸಿ ಏರಿದಷ್ಟೂ ಬೇಗ ಕರಗುತ್ತದೆ, ಆದರೂ ಗಂಟೆಗಳು ಬೇಕೇ ಬೇಕು. ಬಾಯಿಗಿಟ್ಟಾಗ ರಸ ಅನ್ನಿಸುವುದು ಬಹುಪಾಲು ಈ ಜೆಲಟಿನ್ನು ಮತ್ತು ಕರಗಿದ ಕೊಬ್ಬು. ಸೊಂಟದ ಮೆತ್ತನೆ ಮಾಂಸವನ್ನು ಇದೇ ಥರ ಎಂಟು ಗಂಟೆ ಇಟ್ಟರೆ ಕರಗಲು ನಾರೇ ಇಲ್ಲ, ಸುಮ್ನೆ ಒಣಗುತ್ತದೆ. ದುಬಾರಿ ತುಂಡು ತಂದು ಹಾಳು ಮಾಡಿಕೊಳ್ಳುವುದು ಹೀಗೆ.

ಇಷ್ಟು ಹೊತ್ತು ಬೆಂಕಿ ಉಳಿಸುವುದು ಹೇಗೆ? ಎಲ್ಲ ಇದ್ದಿಲನ್ನೂ ಒಟ್ಟಿಗೆ ಹೊತ್ತಿಸಬಾರದು. ಹಾವಿನ ಜೋಡಣೆ ಅಂತ ಒಂದು ಉಪಾಯ ಇದೆ, ಬಹಳ ಸೊಗಸಾದದ್ದು. ಗ್ರಿಲ್ಲಿನ ಗೋಡೆಗೆ ತಾಗಿದಂತೆ ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ ದೂರಕ್ಕೆ ಬ್ರಿಕೆಟ್ಟುಗಳನ್ನು ಸಾಲಾಗಿ ಇಡಿ, ಪಕ್ಕ ಪಕ್ಕ ಎರಡು, ಅದರ ಮೇಲೆ ಇನ್ನೆರಡು. ಎಂಟು ಹತ್ತು ಬ್ರಿಕೆಟ್ಟುಗಳನ್ನು ಬೇರೆಯಾಗಿ ಹೊತ್ತಿಸಿ ಸಾಲಿನ ಒಂದು ತುದಿಗೆ ಮಾತ್ರ ಇಡಿ. ಬೆಂಕಿ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಗಂಟೆಗಟ್ಟಲೆ ತೆವಳುತ್ತದೆ. ನಡುವಿನ ಖಾಲಿ ಜಾಗದಲ್ಲಿ ಒಂದು ಅಗಲ ತಟ್ಟೆಯಲ್ಲಿ ಬಿಸಿ ನೀರು, ಅದರ ಮೇಲಿನ ಜಾಲರಿಯಲ್ಲಿ ಮಾಂಸ. ನೀರು ಬಿಸಿಯ ಏರುಪೇರನ್ನು ತಡೆಯುತ್ತದೆ, ತೊಟ್ಟಿಕ್ಕುವ ಕೊಬ್ಬನ್ನೂ ಹಿಡಿಯುತ್ತದೆ.

ಮುಚ್ಚಳದ ಗಾಳಿಕಂಡಿ ಪೂರ್ತಿ ತೆರೆದಿರಲಿ, ಅದನ್ನು ಮಾಂಸ ಇರುವ ಕಡೆಗೆ ತಿರುಗಿಸಿಡಿ. ಬಿಸಿಯನ್ನು ಆಳುವುದು ಕೆಳಗಿನ ಗಾಳಿಕಂಡಿಯಿಂದ. ಕಾಲು ಭಾಗ ತೆರೆದು ಶುರು ಮಾಡಿ. ಬಿಸಿ 100ರ ಹತ್ತಿರ ಬಂದಾಗಲೇ ಸ್ವಲ್ಪ ಮುಚ್ಚಿ ಏರಿಕೆಯನ್ನು ಹಿಡಿದುಕೊಳ್ಳಬೇಕು. 150ಕ್ಕೆ ಓಡಿಹೋದ ಗ್ರಿಲ್ಲನ್ನು ಮತ್ತೆ 110ಕ್ಕೆ ಇಳಿಸುವುದು ದೊಡ್ಡ ತಲೆನೋವು. ಒಂದು ಸಲ ಒಂದು ಚೂರು ಸರಿಸಿ, ಹದಿನೈದು ನಿಮಿಷ ಬಿಟ್ಟು ನೋಡಿ. ಐದು ಡಿಗ್ರಿ ಹೆಚ್ಚು ಕಮ್ಮಿಯಾದರೆ ಏನೂ ಮಾಡಬೇಡಿ, ಮಾಂಸಕ್ಕೆ ಅದು ಗೊತ್ತೂ ಆಗುವುದಿಲ್ಲ. ಮುಚ್ಚಳಕ್ಕೆ ಕೂರಿಸಿರುವ ಗಡಿಯಾರದಂಥ ಥರ್ಮಾಮೀಟರನ್ನು ನಂಬಬೇಡಿ. ಅದು ತೋರಿಸುವುದು ಮುಚ್ಚಳದ ಹತ್ತಿರದ ಬಿಸಿ, ಮಾಂಸ ಇರುವುದು ಕೆಳಗೆ. ತಂತಿ ಇರುವ ಥರ್ಮಾಮೀಟರಿನ ತುದಿಯನ್ನು ಜಾಲರಿಯ ಮಟ್ಟದಲ್ಲಿ ಇಟ್ಟರೆ ಸರಿಯಾದ ಲೆಕ್ಕ ಸಿಗುತ್ತದೆ. ಇನ್ನು ಮುಚ್ಚಳ ಪದೇ ಪದೇ ಎತ್ತಿ ನೋಡುವ ಚಪಲ! ಎತ್ತಿದಾಗ ಬಿಸಿ ಹೊರಗೆ ಹೋಗುತ್ತದೆ, ಅಷ್ಟೇ ಅಂದುಕೊಳ್ಳುತ್ತೇವೆ. ಅದರ ಜೊತೆ ಕೆಂಡಕ್ಕೆ ದಂಡಿಯಾಗಿ ಗಾಳಿಯೂ ಸಿಗುತ್ತದೆ, ಮುಚ್ಚಿದ ಮೇಲೆ ಬಿಸಿ ಮೊದಲಿಗಿಂತ ಮೇಲಕ್ಕೆ ಹೋಗಿ ಕೂರುತ್ತದೆ.

ಹೊಗೆಗೆ ಒಣಗಿದ ಗಟ್ಟಿ ಮರದ ತುಂಡು ಬೇಕು. ಓಕ್, ಹಿಕರಿ, ಸೇಬು, ಚೆರ್ರಿ ಮರಗಳು ಎಲ್ಲ ಕಡೆ ಹೆಸರಾದವು. ಮುಷ್ಟಿ ಗಾತ್ರದ ಮೂರು ತುಂಡು ಬ್ರಿಕೆಟ್ ಸಾಲಿನ ಮೇಲಿಟ್ಟರೆ ಸಾಕು. ಪೈನ್‌ನಂಥ ರಾಳದ ಮರ ಬೇಡ, ಬಣ್ಣ ಬಳಿದದ್ದು, ಪ್ಲೈವುಡ್ಡು, ರಾಸಾಯನಿಕ ಹಚ್ಚಿದ್ದು ಮುಟ್ಟಲೇಬೇಡಿ. ತುಂಡನ್ನು ನೀರಲ್ಲಿ ನೆನೆಸಬೇಕು ಅಂತ ಹೇಳುತ್ತಾರಲ್ಲ, ಅದರಿಂದ ಲಾಭ ಇಲ್ಲ. ನೀರು ಮರದ ಒಳಗೆ ಹೋಗುವುದೇ ಕಮ್ಮಿ, ಹೋದಷ್ಟೂ ಆವಿಯಾಗುವ ತನಕ ಮರ ಸರಿಯಾಗಿ ಉರಿಯುವುದಿಲ್ಲ. ದಟ್ಟ ಬಿಳಿ ಹೊಗೆ ಕಂಡರೆ ಖುಷಿ ಪಡಬೇಡಿ. ಗಾಳಿ ಸಾಲದೆ ಮರ ಅರೆಬರೆ ಉರಿಯುತ್ತಿದೆ ಅಂತ ಅರ್ಥ, ಮಾಂಸ ಕಹಿಯಾಗುತ್ತದೆ. ಕಂಡೂ ಕಾಣದ ಹಾಗೆ ತೆಳ್ಳಗೆ, ಸ್ವಲ್ಪ ನೀಲಿ ಛಾಯೆಯಲ್ಲಿ ಹೊಗೆ ಬರಬೇಕು. ಕತ್ತರಿಸಿದಾಗ ಅಂಚಿನಲ್ಲಿ ಗುಲಾಬಿ ಬಣ್ಣದ ಒಂದು ಪಟ್ಟಿ ಕಾಣಬಹುದು, ಅತಿಥಿಗಳು ಬೆಂದಿಲ್ಲ ಅಂತ ತಟ್ಟೆ ಪಕ್ಕಕ್ಕಿಡುವುದೂ ಉಂಟು. ಉರಿಯಿಂದ ಬರುವ ನೈಟ್ರಿಕ್ ಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್ ಅನಿಲಗಳು ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ಜೊತೆ ಸೇರಿದಾಗ ಆ ಬಣ್ಣ ಹಾಗೇ ನಿಂತುಬಿಡುತ್ತದೆ. ಹಸಿ ಅಲ್ಲ.

ಈಗ ಎಲ್ಲರೂ ಗಾಬರಿಯಾಗುವ ಜಾಗಕ್ಕೆ ಬಂದೆವು. ಮಾಂಸದ ಬಿಸಿ ಚೆನ್ನಾಗಿ ಏರುತ್ತಾ ಬಂದು 65-75 ಡಿಗ್ರಿ ನಡುವೆ ಎಲ್ಲೋ ನಿಂತುಬಿಡುತ್ತದೆ. ಒಂದು ಗಂಟೆ, ಎರಡು ಗಂಟೆ, ಒಮ್ಮೊಮ್ಮೆ ಇನ್ನೂ ಜಾಸ್ತಿ. ಥರ್ಮಾಮೀಟರ್ ಕೆಟ್ಟಿತಾ, ಬೆಂಕಿ ಆರಿತಾ ಅಂತ ಗಾಳಿಕಂಡಿ ಪೂರ್ತಿ ತೆರೆಯಲು ಹೋಗುತ್ತೀರಿ. ತೆರೆಯಬೇಡಿ. ಮಾಂಸ ಬೆವರುತ್ತಿದೆ. ಮೇಲ್ಮೈಯ ನೀರು ಆವಿಯಾಗುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ, ಕೆಂಡ ಕೊಡುವಷ್ಟನ್ನೂ ಆವಿ ಕಸಿದುಕೊಳ್ಳುತ್ತಿರುತ್ತದೆ. ಮೇಲ್ಮೈ ಒಣಗಿದ ಮೇಲೆ ಮತ್ತೆ ಏರುತ್ತದೆ. ಕಾಯಲು ಹೊತ್ತಿಲ್ಲ ಅಂದರೆ ಫಾಯಿಲ್ಲಿನಲ್ಲಿ ಬಿಗಿಯಾಗಿ ಸುತ್ತಿಬಿಡಿ, ಆವಿ ಹೊರಗೆ ಹೋಗಲಾರದೆ ಬಿಸಿ ಓಡತೊಡಗುತ್ತದೆ. ಹೊರಗಿನ ಗಟ್ಟಿ ಪದರ ಮಾತ್ರ ಕೊಂಚ ಮೆತ್ತಗಾಗುತ್ತದೆ. ಮೇಲೆ ಚೆನ್ನಾಗಿ ಬಣ್ಣ ಕಟ್ಟಿದ ಮೇಲೆ ಸುತ್ತುವುದು ನನಗೆ ಒಪ್ಪಿಗೆ, ಅದಕ್ಕೆ ಮೊದಲು ಸುತ್ತಿದರೆ ನೀರಲ್ಲಿ ಬೇಯಿಸಿದಂಥ ಮಾಂಸ ಆಗುತ್ತದೆ ಅಷ್ಟೇ.

ಆಗಿದೆ ಅಂತ ಯಾವಾಗ ಹೇಳುವುದು? 90ರಿಂದ 96 ಡಿಗ್ರಿ ಹತ್ತಿರ. ಆದರೆ ಅಂಕಿಗಿಂತ ಕೈಯನ್ನು ನಂಬಿ. ಥರ್ಮಾಮೀಟರಿನ ಮೊನೆ ಬೆಣ್ಣೆಯೊಳಗೆ ಹೋದಷ್ಟು ಸಲೀಸಾಗಿ ಇಳಿಯಬೇಕು. ತಡೆದರೆ ಇನ್ನೂ ಸ್ವಲ್ಪ ಹೊತ್ತು ಬಿಡಿ. ಊಟದ ಹೊತ್ತಿಗೆ ಸರಿಯಾಗಿ ಮುಗಿಸುತ್ತೇನೆ ಅಂತ ಯಾರಿಗೂ ಮಾತು ಕೊಡಬೇಡಿ, ಎರಡು ಗಂಟೆ ಮುಂಚೆಯೇ ಮುಗಿಯುವ ಲೆಕ್ಕ ಹಾಕಿಕೊಳ್ಳಿ. ಬೇಯುವ ತನಕ ತಾಳಿದವರು ಆರುವ ತನಕ ತಾಳಬಾರದೇ ಅಂತಾರಲ್ಲ, ಇದಕ್ಕೇ ಹೇಳಿದ ಹಾಗಿದೆ. ಸುತ್ತಿದ ಮಾಂಸವನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ, ಐಸ್ ಇಲ್ಲದ ಐಸ್ ಪೆಟ್ಟಿಗೆಯೊಳಗೆ ಒಂದು ಗಂಟೆ ಇಡಿ. ರಸ ಗಟ್ಟಿಯಾಗಿ ಎಳೆಗಳ ನಡುವೆ ನಿಲ್ಲುತ್ತದೆ. ಬಡಿಸುವ ತನಕ ಒಳಗಿನ ಬಿಸಿ 60ಕ್ಕಿಂತ ಕೆಳಗೆ ಬರಬಾರದು, ಅದರ ಕೆಳಗೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಕತ್ತರಿಸುವಾಗ ಎಳೆ ಹೋಗುವ ದಿಕ್ಕಿಗೆ ಅಡ್ಡ ಕತ್ತರಿಸಿ.

ಮಸಾಲೆಯ ಎರಡು ಮಾತು. ಒಂದು ಕಿಲೋ ಮಾಂಸಕ್ಕೆ 10-12 ಗ್ರಾಂ ಉಪ್ಪು ಹಿಂದಿನ ರಾತ್ರಿಯೇ ಸವರಿ, ಮುಚ್ಚದೆ ಫ್ರಿಜ್ಜಿನಲ್ಲಿಡಿ. ಉಪ್ಪು ಒಳಗೆ ಇಳಿಯುತ್ತದೆ, ಮಿಕ್ಕ ಮಸಾಲೆ ಬಹುಪಾಲು ಮೇಲೇ ಉಳಿಯುತ್ತದೆ, ಅದಕ್ಕೆ ನಿಮಗೆ ಇಷ್ಟ ಬಂದದ್ದು ಹಾಕಿ. ಸಕ್ಕರೆ, ಜೇನು ಇರುವ ಸಾಸು ಮಾತ್ರ ಕೊನೆಯ ಹದಿನೈದು ಇಪ್ಪತ್ತು ನಿಮಿಷಕ್ಕೆ, ಮೊದಲೇ ಹಚ್ಚಿ ಜೋರು ಉರಿಗೆ ಒಡ್ಡಿದರೆ ಕಪ್ಪಾಗಿ ಕಹಿಯಾಗುತ್ತದೆ.

ಒಂದು ವಿಷಯದಲ್ಲಿ ತಮಾಷೆ ಇಲ್ಲ. ಇದ್ದಿಲಿನ ಗ್ರಿಲ್ಲನ್ನು ಮನೆಯೊಳಗೆ, ಗ್ಯಾರೇಜಿನಲ್ಲಿ, ಟೆಂಟಿನಲ್ಲಿ, ಮುಚ್ಚಿದ ಬಾಲ್ಕನಿಯಲ್ಲಿ ಹಚ್ಚಲೇಬಾರದು. ಮಳೆ ಬಂತು, ಹೇಗೂ ಆರುತ್ತಿದೆ ಅಂತ ಒಳಗೆ ತಂದಿಡುವುದೂ ಬೇಡ. ಆರುವ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಅಡುಗೆ ಮುಗಿದ ಮೇಲೆ ಎರಡೂ ಗಾಳಿಕಂಡಿ ಪೂರ್ತಿ ಮುಚ್ಚಿ. ಗಾಳಿ ಸಿಗದೆ ಕೆಂಡ ಆರುತ್ತದೆ, ಉಳಿದ ಇದ್ದಿಲನ್ನು ಮುಂದಿನ ಸಲ ಬೂದಿ ಕೊಡವಿ ಹೊಸದರ ಜೊತೆ ಬಳಸಬಹುದು. ಬೂದಿಯನ್ನು ಅವತ್ತೇ ಕಸದ ಬುಟ್ಟಿಗೆ ಸುರಿಯಬೇಡಿ, ಒಳಗೆ ಒಂದು ದಿನದ ಮೇಲೂ ಜೀವಂತ ಕೆಂಡ ಇರಬಹುದು. ಮುಚ್ಚಳ ಇರುವ ಲೋಹದ ಡಬ್ಬದಲ್ಲಿ ಎರಡು ದಿನ ಬಿಟ್ಟು ಆಮೇಲೆ ಎಸೆಯಿರಿ. ಈಗ ನಿಮ್ಮ ಪ್ರಶ್ನೆ ಕೇಳಿ.